ಹರಿತ ಕಾಯುವ ಕುಲುಮೆ

ಕುಡುಗೋಲನ್ನು ಕೊಳ್ಳುವುದು ಒಂದು ದಿನದ ಮಾತು. ಅದರ ಹರಿತ ಉಳಿಸಿಕೊಳ್ಳುವುದು ವರ್ಷವಿಡೀ ನಡೆಯುವ ಕೆಲಸ. ಕೈಯಿಂದ ಮಾಡಿದ ಕಬ್ಬಿಣದ ಸಲಕರಣೆಗಳನ್ನು ಕುರಿತು ಈಗ ನಡೆಯುವ ಪ್ರದರ್ಶನ, ಶಿಬಿರ, ಚರ್ಚೆಗಳೆಲ್ಲ ಮೊದಲನೆಯದರ ಸುತ್ತಲೇ ಸುತ್ತುತ್ತವೆ. ಕಮ್ಮಾರ ಏನು ಮಾಡಿದ, ಎಷ್ಟು ಚೆಂದವಾಗಿ ಮಾಡಿದ, ಎಷ್ಟಕ್ಕೆ ಮಾರಬಹುದು ಎಂಬುದೇ ಅಲ್ಲಿನ ಪ್ರಶ್ನೆ. ಈ ಅಳತೆಗೋಲಿನಿಂದ ಕುಲುಮೆಯ ಬೆಲೆ ತಿಳಿಯುವುದಿಲ್ಲ ಎಂಬುದು ನನ್ನ ವಾದ. ಸವೆದದ್ದನ್ನು ತಟ್ಟಿ, ಮೊಂಡಾದದ್ದನ್ನು ಹಣಿದು, ಹದ ಕೆಟ್ಟದ್ದಕ್ಕೆ ಮತ್ತೆ ಹದ ಕೊಡುವುದೇ ಕುಲುಮೆಯ ಮುಖ್ಯ ಕೆಲಸ. ಹೊಸ ವಸ್ತು ಅದರ ಒಂದು ಭಾಗ ಮಾತ್ರ. ಈ ಮಾತನ್ನು ಒರೆಗೆ ಹಚ್ಚಲು ಬೆಂಗಳೂರಿನ ಜಕ್ಕೂರು ತಕ್ಕ ಜಾಗ. ಇಲ್ಲಿ 1940ರ ದಶಕದ ಕೊನೆಯಿಂದ ವಿಮಾನ ಹಾರಿಸಲು ಕಲಿಸುತ್ತಿರುವ ಏರೋಡ್ರೋಮ್ ಇದೆ. 1989ರಲ್ಲಿ ಆರಂಭವಾದ, ಪದಾರ್ಥಗಳ ಒಳರಚನೆಯನ್ನೂ ಅಧ್ಯಯನ ಮಾಡುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಇದೆ. ಬಳ್ಳಾರಿ ರಸ್ತೆಯ ಆಚೆಗೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ ಇದೆ. ರಾಗಿ ಹೊಲಗಳು ಲೇಔಟ್‌ಗಳಾಗಿವೆ, ಮನೆಗಳಿಗೆ ಗೇಟು ಗ್ರಿಲ್ಲು ಮಾಡಿಕೊಡುವ ವೆಲ್ಡಿಂಗ್ ಅಂಗಡಿಗಳು ಬಂದಿವೆ. ಕುಲುಮೆ ಮಾಡುತ್ತಿದ್ದ ಕೆಲಸ ಇಂಥ ಊರಿಗೆ ಇನ್ನೂ ಬೇಕೇ ಎಂದು ಕೇಳಿದರೆ ಉತ್ತರ ಪ್ರಾಮಾಣಿಕವಾಗಿರಲೇಬೇಕಾಗುತ್ತದೆ.

ಕುಲುಮೆಯ ಕೆಲಸಕ್ಕೆ ಹಳೆಯ ಕಾಲ ಹೇಗೆ ಬೆಲೆ ಕಟ್ಟುತ್ತಿತ್ತು ಎಂಬುದೇ ಮೊದಲ ಸಾಕ್ಷಿ. ಮೈಸೂರು ಸೀಮೆಯ ಹಳ್ಳಿಗಳಲ್ಲಿ, ಊರಿನ ಸೇವೆಗೆ ಆಯ ಎಂಬ ಪಾಲು ಪಡೆಯುವ ಹನ್ನೆರಡು ಆಯಗಾರರ ಏರ್ಪಾಡಿತ್ತು, ಕಮ್ಮಾರ ಅವರಲ್ಲೊಬ್ಬ. ಸುಗ್ಗಿಯಲ್ಲಿ ಕಣದ ರಾಶಿಯಿಂದ ಅವನ ಪಾಲಿನ ರಾಗಿಯನ್ನು ಅಳೆದು ಕೊಡುತ್ತಿದ್ದರು. ಆ ಧಾನ್ಯ ಇಂಥ ಗುದ್ದಲಿಯ ಬೆಲೆ, ಇಂಥ ಗುಳದ ಬೆಲೆ ಎಂದು ಲೆಕ್ಕ ಹಾಕಿದ್ದಲ್ಲ. ಉಳುಮೆಗೆ ಮುಂಚೆ ನೇಗಿಲ ಗುಳ ತಟ್ಟಿಕೊಡಬೇಕು, ಕಳೆ ತೆಗೆಯುವ ಹೊತ್ತಿಗೆ ಗುದ್ದಲಿ ಹಣಿದಿರಬೇಕು, ಕೊಯ್ಲಿಗೆ ಕುಡುಗೋಲಿನ ಕಕ್ಕು, ಅಂದರೆ ಹಲ್ಲು, ಹೊಸದಾಗಿರಬೇಕು. ಇಡೀ ವರ್ಷದ ಈ ಎಚ್ಚರಕ್ಕೆ ಸಲ್ಲುತ್ತಿದ್ದ ಪಾಲು ಅದು. ಸಲಕರಣೆ ಹಾಳಾದರೆ ಅದರ ಹೊರೆ ಮಾಡಿದವನ ಬಾಗಿಲಿಗೇ ಮರಳುತ್ತಿತ್ತು. ಹೀಗಾಗಿ ಬೇಗ ಸವೆಯುವ ಗುಳ ಮಾಡಿಕೊಟ್ಟು ಕಮ್ಮಾರ ಲಾಭ ಮಾಡುವಂತಿರಲಿಲ್ಲ. ಬಾಳಿಕೆ ಬಂದಷ್ಟೂ ಅವನ ಇದ್ದಿಲು, ಅವನ ರಟ್ಟೆ ಎರಡೂ ಉಳಿಯುತ್ತಿದ್ದವು. ಇಂದಿನ ಮಾರುಕಟ್ಟೆಯಲ್ಲಿ ಈ ಲೆಕ್ಕ ತಿರುಗುಮುರುಗಾಗಿದೆ. ಸಲಕರಣೆ ಬೇಗ ಕೆಟ್ಟಷ್ಟೂ ಮಾರುವವನಿಗೆ ಇನ್ನೊಂದು ವ್ಯಾಪಾರ.

ಕಮ್ಮಾರನ ಕುಶಲತೆಯೂ ಎದ್ದು ಕಾಣುವುದು ಈ ಮರುಕೆಲಸದಲ್ಲೇ. ಕಲ್ಲುಕುಟಿಗನ ಉಳಿಯನ್ನು ನೋಡಿ. ಬೆಂಗಳೂರಿನ ಕಣಶಿಲೆಯಂಥ ಗಟ್ಟಿ ಕಲ್ಲಿನ ಮೇಲೆ ಅದು ದಿನಕ್ಕೆ ಹಲವು ಸಲ ಮೊಂಡಾಗುತ್ತದೆ. ತುದಿಯನ್ನು ಎರಡು ಬೆರಳಿನಷ್ಟು ಉದ್ದ ಕೆಂಡದಲ್ಲಿಟ್ಟು, ಮಾಗಿದ ದಾಳಿಂಬೆ ಕಾಳಿನ ಕೆಂಪು ಬರುವವರೆಗೆ ಕಾಯಿಸಿ, ಅಡಿಗಲ್ಲಿನ ಮೇಲೆ ಮಗ್ಗುಲು ಮಗ್ಗುಲಾಗಿ ತಟ್ಟಿ ಮೊನೆ ಎಳೆಯುತ್ತಾರೆ. ಮತ್ತೆ ಕಾಯಿಸಿ, ಮೊನೆಯನ್ನಷ್ಟೇ ನೀರಿಗೆ ಅದ್ದುತ್ತಾರೆ. ಈಗ ತುದಿ ಗಾಜಿನಷ್ಟು ಗಟ್ಟಿ; ಹಾಗೇ ಬಿಟ್ಟರೆ ಮೊದಲ ಏಟಿಗೇ ಮುರಿಯುತ್ತದೆ. ಹೊರತೆಗೆದ ಕೂಡಲೇ ಕಲ್ಲಿನ ಚೂರಿನಿಂದ ತುದಿಯನ್ನು ಉಜ್ಜಿ ಹೊಳಪು ಬರಿಸುತ್ತಾರೆ. ಹಿಂಭಾಗದಲ್ಲಿ ಉಳಿದ ಬಿಸಿ ಮೊನೆಯ ಕಡೆ ಹರಿದು ಬರುವಾಗ ಆ ಹೊಳಪಿನ ಮೇಲೆ ಬಣ್ಣಗಳು ಸಾಲಾಗಿ ಸರಿಯುತ್ತವೆ: ಒಣಹುಲ್ಲಿನ ತಿಳಿ ಹಳದಿ, ಬೆಲ್ಲದ ಕಂದು, ನೇರಳೆ, ಕೊನೆಗೆ ನೀಲಿ. ಹಳದಿ ಎಂದರೆ ಸುಮಾರು 220 ಡಿಗ್ರಿ ಸೆಲ್ಸಿಯಸ್, ನೀಲಿ ಎಂದರೆ ಸುಮಾರು 300. ಬೇಕಾದ ಬಣ್ಣ ಮೊನೆ ಮುಟ್ಟಿದ ಕ್ಷಣದಲ್ಲಿ ಉಳಿಯನ್ನು ನೀರಿಗೆ ಹಾಕಬೇಕು. ಹಿಂದೆ ಮುಂದೆ ಆದರೆ ಮೊನೆ ಒಂದೋ ಚಕ್ಕೆ ಏಳುತ್ತದೆ, ಇಲ್ಲವೇ ಬಾಗುತ್ತದೆ. ಎಂಬತ್ತು ಡಿಗ್ರಿಯ ಈ ಇಕ್ಕಟ್ಟಿನಲ್ಲಿ, ಕೆಲವೇ ಸೆಕೆಂಡುಗಳಲ್ಲಿ ತೀರ್ಮಾನವಾಗುವುದನ್ನೇ ನಾವು ಹದ ಎನ್ನುವುದು. 1956ರಲ್ಲಿ ಮುಗಿದ ವಿಧಾನಸೌಧದ ಕಲ್ಲುಗಳನ್ನು ಕೆತ್ತಿದ ಉಳಿಗಳಿಗೆಲ್ಲ ಇಂಥದೊಂದು ಕೈ ಬೇಕಿತ್ತು. ಆ ಕಟ್ಟಡವನ್ನು ಹೊಗಳುವಾಗ ಶಿಲ್ಪಿಯ ಹೆಸರು ಬರುತ್ತದೆ, ಕಲ್ಲಿನ ಹೆಸರೂ ಬರುತ್ತದೆ. ಉಳಿಗೆ ಹದ ಕೊಟ್ಟವನ ಪ್ರಸ್ತಾಪ ಬರುವುದಿಲ್ಲ. ಅವನ ಕೆಲಸ ಯಾವ ವಸ್ತುವಿನಲ್ಲೂ ನಿಂತು ಕಾಣುವಂಥದಲ್ಲ.

ಕಬ್ಬಿಣದ ವಿಷಯ ಬಂದಾಗಲೆಲ್ಲ ಕನ್ನಡ ನಾಡಿನ ಹಳೆಯ ಹಿರಿಮೆಯನ್ನು ನೆನೆಯುವುದು ರೂಢಿ. ಹಾವೇರಿ ಜಿಲ್ಲೆಯ ಹಳ್ಳೂರಿನ ಉತ್ಖನನದಲ್ಲಿ ಸುಮಾರು ಮೂರು ಸಾವಿರ ವರ್ಷ ಹಿಂದಿನ ಕಬ್ಬಿಣ ಸಿಕ್ಕಿದೆ. ಜಗತ್ತನ್ನು ಬೆರಗುಗೊಳಿಸಿದ ಮೂಸೆ ಉಕ್ಕಿನ ‘ವೂಟ್ಜ್’ ಎಂಬ ಹೆಸರು ನಮ್ಮ ಉಕ್ಕು ಎಂಬ ಮಾತಿನಿಂದ ಬಂದದ್ದೆಂದು ಹಲವು ವಿದ್ವಾಂಸರು ಹೇಳುತ್ತಾರೆ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಕಬ್ಬಿಣದ ತುಂಡನ್ನು ತಂಗಡಿ ಕಡ್ಡಿ, ಹಸಿ ಎಲೆಗಳ ಜೊತೆ ಮಣ್ಣಿನ ಮೂಸೆಯಲ್ಲಿಟ್ಟು ಕಾಯಿಸಿ ಉಕ್ಕು ಮಾಡುತ್ತಿದ್ದುದನ್ನು ವಿವರವಾಗಿ ದಾಖಲಿಸಿದ್ದಾನೆ. ಹೆಮ್ಮೆಪಡಬೇಕಾದ ಸಂಗತಿಗಳೇ ಇವು. ಆದರೆ ಈ ಚರಿತ್ರೆಯೊಳಗೆ ಸಾಮಾನ್ಯವಾಗಿ ಯಾರೂ ಗಮನಿಸದ ಒಂದು ಪಾಠವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹಡಗಿನಲ್ಲಿ ಅಗ್ಗದ ಕಬ್ಬಿಣ ಬರತೊಡಗಿದಾಗ ಮೂಸೆಯ ಉಕ್ಕಿನ ಉದ್ಯಮ ಅಳಿಯಿತು. 1923ರಲ್ಲಿ ಭದ್ರಾವತಿಯ ಕಾರ್ಖಾನೆ ಕಬ್ಬಿಣ ತೆಗೆಯತೊಡಗಿತು. ಇಷ್ಟಾದರೂ ಹಳ್ಳಿಯ ಕುಲುಮೆ ಮುಂದೆ ಎಷ್ಟೋ ದಶಕ ಉರಿಯುತ್ತಲೇ ಇತ್ತು. ಎಷ್ಟೋ ಊರುಗಳಲ್ಲಿ ಈಗಲೂ ಉರಿಯುತ್ತಿದೆ. ಏಕೆ? ಉಕ್ಕು ಒಂದು ಸರಕು. ಅಗ್ಗವಾಗಿ ಎಲ್ಲಿಂದಾದರೂ ಬರಬಹುದು. ಮೊಂಡಾದ ಗುಳವನ್ನು ನಾಳೆ ಬೆಳಗಿನ ಉಳುಮೆಗೆ ತಟ್ಟಿಕೊಡುವ ಕೈ ಹಡಗಿನಲ್ಲಿ ಬರುವುದಿಲ್ಲ. ಆ ಕೈ ಹೊಲದಿಂದ ನಡೆದು ಹೋಗುವಷ್ಟು ಹತ್ತಿರದಲ್ಲೇ ಇರಬೇಕು. ಹೆಸರುವಾಸಿಯಾದ ಉಕ್ಕು ಹೋದ ಮೇಲೂ ಹೆಸರಿಲ್ಲದ ಮರುಕೆಲಸ ಉಳಿಯಿತು. ಕುಲುಮೆಯ ಜೀವ ಎಲ್ಲಿತ್ತು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ.

ಹಾಗೆಂದು ಕುಲುಮೆಯ ಕೊರತೆಗಳನ್ನು ಮುಚ್ಚಿಟ್ಟರೆ ಅದು ವಿಮರ್ಶೆಯಾಗುವುದಿಲ್ಲ. ಮೊದಲ ಕೊರತೆ ಲೋಹದ್ದೇ. ಇಂದು ಸಣ್ಣ ಅಂಗಡಿಯಲ್ಲಿ ಮಚ್ಚು, ಕುಡುಗೋಲು ಆಗುವುದು ಬಹುತೇಕ ಗುಜರಿಯ ಲೋಹದಿಂದ. ಲಾರಿಯ ಸ್ಪ್ರಿಂಗ್ ಪಟ್ಟಿ ಸಿಕ್ಕರೆ ಅದೃಷ್ಟ. ಅದರಲ್ಲಿ ಸುಮಾರು ಶೇಕಡಾ ಅರ್ಧದಷ್ಟು ಇಂಗಾಲವಿರುವುದರಿಂದ ಅದು ಹದ ಹಿಡಿಯುತ್ತದೆ. ಗೇಟು ಮಾಡಿ ಉಳಿದ ಎಂ.ಎಸ್. (ಮೃದು ಉಕ್ಕು) ಪಟ್ಟಿಯಲ್ಲಿ ಇಂಗಾಲ ಶೇಕಡಾ ಕಾಲರಷ್ಟೂ ಇರುವುದಿಲ್ಲ. ಎಷ್ಟು ಕಾಯಿಸಿ ಎಷ್ಟು ನೀರಿಗೆ ಅದ್ದಿದರೂ ಅದಕ್ಕೆ ಅಲಗಿಗೆ ಬೇಕಾದ ಗಡಸುತನ ಬರುವುದಿಲ್ಲ. ಎರಡನ್ನೂ ಒಂದೇ ಆಕಾರಕ್ಕೆ ತಟ್ಟಿ, ಒಂದೇ ರೀತಿ ಹೊಳಪು ಕೊಟ್ಟು, ಒಂದೇ ಬೆಲೆಗೆ ಮಾರಿದರೆ ಕೊಳ್ಳುವವನಿಗೆ ವ್ಯತ್ಯಾಸ ತಿಳಿಯುವುದು ಮನೆಗೆ ಒಯ್ದ ಮೇಲೆ. ಏರೋಡ್ರೋಮಿನಲ್ಲಿ ವಿಮಾನದ ಬಿಡಿಭಾಗ ಎಲ್ಲಿಂದ ಬಂತು, ಯಾವಾಗ ಹಾಕಿದರು ಎಂಬುದಕ್ಕೆ ಕಾಗದ ಇರಲೇಬೇಕು. ಅದೇ ಊರಿನ ಸಣ್ಣ ಅಂಗಡಿಯಲ್ಲಿ ಲೋಹಕ್ಕೆ ಪೂರ್ವಾಪರವೇ ಇಲ್ಲ. ಕಾಗದವಿಲ್ಲದೆಯೂ ಇದನ್ನು ತಿಳಿಯುವ ದಾರಿಗಳಿವೆ. ಗ್ರೈಂಡರಿಗೆ ಹಿಡಿದಾಗ ಎಂ.ಎಸ್. ಉದ್ದನೆಯ ಸಾದಾ ಕಿಡಿ ಬಿಡುತ್ತದೆ. ಇಂಗಾಲ ಹೆಚ್ಚಿರುವ ಉಕ್ಕು ಸುರುಸುರುಬತ್ತಿಯ ಹಾಗೆ ಕವಲೊಡೆದು ಸಿಡಿಯುತ್ತದೆ. ಸುಮಾರು 770 ಡಿಗ್ರಿ ದಾಟಿದ ಕಬ್ಬಿಣಕ್ಕೆ ಅಯಸ್ಕಾಂತ ಅಂಟುವುದಿಲ್ಲ. ನೀರಿಗೆ ಅದ್ದುವ ಬಿಸಿ ಹತ್ತಿರವಾಯಿತೇ ಎಂದು ನೋಡಲು ಕೈಯಲ್ಲೊಂದು ಅಯಸ್ಕಾಂತ ಸಾಕು. ಇಷ್ಟು ಸುಲಭದ ಪರೀಕ್ಷೆಯನ್ನೂ ಮಾಡದೆ ಕಣ್ಣಂದಾಜನ್ನೇ ನಂಬುವ ಅಂಗಡಿಯನ್ನು, ಕೈಕೆಲಸ ಎಂಬ ಒಂದೇ ಕಾರಣಕ್ಕೆ ಮೆಚ್ಚಲಾಗದು. ಎರಡನೆಯ ಕೊರತೆ ಕೆಲಸ ಮಾಡುವವರ ಮೈಮೇಲಿನದು. ಹೊಗೆ ಹೋಗಲು ದಾರಿಯಿಲ್ಲದ ಶೆಡ್ಡು, ಕನ್ನಡಕವಿಲ್ಲದ ಕಣ್ಣು, ತಿದಿ ಒತ್ತಿಯೋ ಸಮ್ಮಟಿಗೆ ಎತ್ತಿಯೋ ದುಡಿದರೂ ಕೂಲಿಯ ಲೆಕ್ಕಕ್ಕೆ ಬಾರದ ಮನೆಯ ಹೆಂಗಸರು: ಇವು ಪರಂಪರೆಯ ಸೊಬಗಲ್ಲ, ತಿದ್ದಬೇಕಾದ ತಪ್ಪುಗಳು.

ಕಾರ್ಖಾನೆಯ ಮಾಲು ಇರುವಾಗ ಇದೆಲ್ಲ ಏಕೆ ಎಂಬ ಆಕ್ಷೇಪಕ್ಕೆ ತೂಕವಿದೆ. ಟಾಟಾ ಅಗ್ರಿಕೊದಂಥ ಬ್ರ್ಯಾಂಡಿನ ಗುದ್ದಲಿಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಕಾಣದು. ಲೋಹ ಗೊತ್ತಿರುವಂಥದು, ಹದ ಅಳತೆಯದು. ಹೊಸ ಸಲಕರಣೆಯ ಗುಣವೊಂದನ್ನೇ ನೋಡುವುದಾದರೆ ಸಾಮಾನ್ಯ ಕುಲುಮೆ ಈ ಸ್ಪರ್ಧೆಯಲ್ಲಿ ಸೋಲುತ್ತದೆ, ಇದನ್ನು ಒಪ್ಪಲೇಬೇಕು. ಆದರೆ ಕಾರ್ಖಾನೆಯ ಹದವೂ ಶಾಶ್ವತವಲ್ಲ. ಕೆಮ್ಮಣ್ಣಿನ ಗರಸಿಗೆ ಗುದ್ದಲಿಯ ಬಾಯಿ ಸವೆದೇ ಸವೆಯುತ್ತದೆ. ಎತ್ತರದ ಆಳಿಗೂ ಗಿಡ್ಡನೆಯ ಹೆಂಗಸಿಗೂ ಕಾವಿನ ಉದ್ದ ಒಂದೇ ಆಗದು. ಬಾಯಿ ಒಳಕ್ಕೆ ಬಾಗಬೇಕಾದ ಕೋನವೂ ಅಗೆಯುವವರಿಗೆ ಬೇರೆ, ಪಾತಿ ಮಾಡುವವರಿಗೆ ಬೇರೆ. ಕಾರ್ಖಾನೆ ಸರಾಸರಿ ಮೈಗೆ ಮಾಡುತ್ತದೆ. ಅದನ್ನು ಒಬ್ಬರ ಸೊಂಟಕ್ಕೆ, ಒಂದು ನೆಲಕ್ಕೆ ಹೊಂದಿಸಿಕೊಡುವವರು ಹತ್ತಿರದಲ್ಲೇ ಬೇಕು. ಕಾರ್ಖಾನೆ ಹೊಸದನ್ನು ಮಾಡಲಿ, ಕುಲುಮೆ ಅದನ್ನು ಬಾಳಿಸಲಿ. ಇದರಲ್ಲಿ ಒಬ್ಬರು ಇನ್ನೊಬ್ಬರ ಅನ್ನಕ್ಕೆ ಕೈ ಹಾಕುವ ಪ್ರಶ್ನೆಯೇ ಬರುವುದಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಆಳವಾದದ್ದು. ಆಯದ ಏರ್ಪಾಡು ಜಾತಿಯ ಕಟ್ಟು. ಕಮ್ಮಾರನ ಮಗ ಕಮ್ಮಾರನೇ ಆಗಬೇಕಿತ್ತು, ಕೊಟ್ಟಷ್ಟು ರಾಗಿಗೆ ಕೈ ಒಡ್ಡಬೇಕಿತ್ತು. ಅಂಥದ್ದನ್ನು ಹೊಗಳುವುದು ಸರಿಯೇ? ಸರಿಯಲ್ಲ. ಆ ಮನೆಗಳ ಮಕ್ಕಳು ಓದಿ ಬೇರೆ ಉದ್ಯೋಗ ಹಿಡಿದಿದ್ದರೆ ಅದು ಅವರ ಗೆಲುವು, ನಾಡಿನ ನಷ್ಟವೆಂದು ಮರುಗುವ ಹಕ್ಕು ಯಾರಿಗೂ ಇಲ್ಲ. ಆದರೆ ಕಟ್ಟನ್ನು ಬಿಡುವುದು ಬೇರೆ, ಅದರೊಳಗಿದ್ದ ಲೆಕ್ಕದ ವಿವೇಕವನ್ನು ಬಿಡುವುದು ಬೇರೆ. ವರ್ಷಕ್ಕಿಷ್ಟು ಎಂದು ಹಣ ಕೊಟ್ಟು ಲಿಫ್ಟನ್ನೂ ನೀರಿನ ಫಿಲ್ಟರನ್ನೂ ನೋಡಿಕೊಳ್ಳುವ ಒಪ್ಪಂದ ಮಾಡಿಕೊಳ್ಳುವ ಅಪಾರ್ಟ್‌ಮೆಂಟಿಗೆ ಆಯದ ತರ್ಕ ಹೊಸದೇನಲ್ಲ. ಯಾವ ಮನೆಯಲ್ಲಿ ಹುಟ್ಟಿದವರಾದರೂ ಕಲಿತು, ನ್ಯಾಯವಾದ ಕೂಲಿಗೆ, ಬಿಡಬೇಕೆನಿಸಿದಾಗ ಬಿಡುವ ಸ್ವಾತಂತ್ರ್ಯದೊಂದಿಗೆ ಈ ಕೆಲಸ ಮಾಡುವಂತಿರಬೇಕು.

ಹೊಲಗಳೇ ಇಲ್ಲದ ಜಕ್ಕೂರಿನಲ್ಲಿ ಈ ಸೇವೆ ಯಾರಿಗೆ ಬೇಕು ಎಂದರೆ, ರಸ್ತೆಯ ತಿರುವಿನಲ್ಲಿ ಎಳನೀರು ಕೆತ್ತಿಕೊಡುವವರನ್ನು ನೋಡಿದರೆ ಸಾಕು. ಅವರ ಮಚ್ಚು ದಿನವಿಡೀ ನಾರನ್ನು ಕೊಯ್ಯಬೇಕು, ಚಿಪ್ಪಿಗೆ ತಗುಲಿದಾಗ ಹಲ್ಲು ಬಿಡಬಾರದು. ಮಾಂಸದಂಗಡಿಯ ಕತ್ತಿ, ಗಾರೆ ಕೆಲಸದವರ ಉಳಿ, ಪಾರ್ಕು ನೋಡಿಕೊಳ್ಳುವವರ ಸನಿಕೆ, ತೆಂಗಿನ ಮರ ಹತ್ತುವವರ ಕುಡುಗೋಲು, ಎಲ್ಲಕ್ಕೂ ಇದೇ ಅಗತ್ಯ. ಇಂದು ಇವೆಲ್ಲ ಹೋಗುವುದು ಸಾಣೆಯ ಚಕ್ರಕ್ಕೆ ಅಥವಾ ವೆಲ್ಡಿಂಗ್ ಅಂಗಡಿಯ ಗ್ರೈಂಡರಿಗೆ. ಅಲ್ಲಿ ಒಂದು ಅನಾಹುತ ಸದ್ದಿಲ್ಲದೆ ನಡೆಯುತ್ತದೆ. ಒತ್ತಿ ಹಿಡಿದಾಗ ತೆಳುವಾದ ಬಾಯಿ ಬಿಸಿಯೇರಿ ಒಂದು ಗೆರೆಯಷ್ಟು ನೀಲಿಯಾಗುತ್ತದೆ. ಸ್ಪ್ರಿಂಗಿಗೆ ಒಪ್ಪುವ ಆ ನೀಲಿ ಕತ್ತಿಯ ಬಾಯಿಗೆ ಒಪ್ಪುವುದಿಲ್ಲ; ಅಷ್ಟು ಭಾಗದ ಹದ ಅಲ್ಲಿಗೇ ಹೋಯಿತು. ಕತ್ತಿ ಹೊಳೆಯುತ್ತದೆ, ಮಾರನೆಯ ದಿನ ಮತ್ತೆ ಮೊಂಡು. ಈ ಅಂಗಡಿಯವರು ಅಸಮರ್ಥರೆಂದು ಇದರ ಅರ್ಥವಲ್ಲ. ಜೋಡಿಸುವುದರಲ್ಲಿ, ಅಳತೆಯಲ್ಲಿ ಅವರ ಕೈ ಪಳಗಿದೆ. ಬಿಸಿಯ ಬಣ್ಣ ಓದುವ ವಿದ್ಯೆಯನ್ನು ಅವರಿಗೆ ಯಾರೂ ಕಲಿಸಲಿಲ್ಲ, ಅಷ್ಟೆ. ಇನ್ನೊಂದು ತುದಿಯಲ್ಲಿ, ಸುತ್ತಿಗೆಯ ಗುರುತುಗಳನ್ನು ಬೇಕೆಂದೇ ಉಳಿಸಿ ‘ಕೈಕೆಲಸ’ ಎಂದು ದುಬಾರಿ ಬೆಲೆಗೆ ಮಾರುವ ಚಾಕು, ಕೊಂಡಿ, ದೀಪಗಳಿವೆ. ಅವುಗಳಲ್ಲಿ ನಿಜವಾದ ಪರಿಶ್ರಮ ಇರಬಹುದು. ಆದರೆ ಗುದ್ದಲಿಯ ಮೈಗೆ ಮಣ್ಣು ಮೆತ್ತದಿರಲೆಂದು ನುಣುಪು ಬರುವ ತನಕ ತಟ್ಟುವ ಕೈಗೆ ಆ ಗುರುತು ಅಲಂಕಾರವಲ್ಲ, ಅರ್ಧಕ್ಕೆ ನಿಲ್ಲಿಸಿದ ಕೆಲಸ.

ಹಾಗಾದರೆ ಆಗಬೇಕಾದದ್ದೇನು? 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆ ಸೇರಿದೆ; ಸಲಕರಣೆಗೆ 15,000 ರೂಪಾಯಿವರೆಗೆ ನೆರವು, ಕಡಿಮೆ ಬಡ್ಡಿಯ ಸಾಲ, ತರಬೇತಿ ಇವೆ. ಒಳ್ಳೆಯದೇ. ಆದರೆ ಸಾಲ ತೀರಿಸಬೇಕಾದ ಕಮ್ಮಾರ ಹೊಸ ಮಾಲು ಮಾಡಿ ಮಾರುವ ಕಡೆಗೇ ಹೊರಳುತ್ತಾನೆ, ಕಾರ್ಖಾನೆಯ ಎದುರು ತಾನು ಸೋಲುವ ಕಣಕ್ಕೇ ಇಳಿಯುತ್ತಾನೆ. ಮರುಕೆಲಸಕ್ಕೆ ಗಿರಾಕಿ ಸಿಗುವಂತೆ ಮಾಡುವುದು ಹೆಚ್ಚು ಉಪಯೋಗದ ನೆರವು. ಕೆರೆ, ಪಾರ್ಕು, ರಸ್ತೆಬದಿಯ ಮರಗಳನ್ನು ನೋಡಿಕೊಳ್ಳುವ ಗುತ್ತಿಗೆಗಳಲ್ಲಿ ಸಲಕರಣೆ ಹಣಿಸಲು ವರ್ಷಕ್ಕಿಷ್ಟು ಎಂದು ತೆಗೆದಿಟ್ಟರೆ ಒಂದು ಕುಲುಮೆಗೆ ನಂಬಿಕೆಯ ಆದಾಯವಾಗುತ್ತದೆ. ಜಿಕೆವಿಕೆಯ ಕೃಷಿ ಮೇಳದಲ್ಲಿ ಹೊಸ ಯಂತ್ರಗಳ ಪಕ್ಕ, ಹಳೆಯ ಕುಡುಗೋಲು ತಂದವರಿಗೆ ಅಲ್ಲೇ ಕಕ್ಕು ಹಾಕಿ ಹದ ಕೊಡುವ ಒಂದು ಕುಲುಮೆ ಉರಿಯಲಿ. ವೆಲ್ಡಿಂಗ್ ಅಂಗಡಿಯವರಿಗೆ ಕಿಡಿ, ಅಯಸ್ಕಾಂತ, ಹದದ ಬಣ್ಣ ಈ ಮೂರನ್ನು ಕಲಿಸಲು ಹೆಚ್ಚು ದಿನ ಬೇಕಿಲ್ಲ. ಲೋಹದ ವಿಜ್ಞಾನ ಬಲ್ಲವರು ಅದೇ ಊರಿನಲ್ಲಿದ್ದಾರೆ. ಕೈಯಿಂದ ಮಾಡಿದ ಸಲಕರಣೆಯೊಂದರ ಮುಂದೆ ನಿಂತಾಗ ಅದನ್ನು ಯಾರು ಮಾಡಿದರು, ಎಷ್ಟು ಚೆಂದವಾಗಿದೆ ಎಂದು ಕೇಳುವುದು ತಪ್ಪಲ್ಲ. ಅದರ ಜೊತೆಗೆ ಆರು ತಿಂಗಳ ಮೇಲೆ ಇದು ಮೊಂಡಾದಾಗ ಯಾರ ಬಳಿಗೆ ಹೋಗುತ್ತದೆ ಎಂದೂ ಕೇಳಬೇಕು. ಆ ಪ್ರಶ್ನೆಗೆ ನಡೆದು ಹೋಗುವ ದೂರದಲ್ಲಿ ಉತ್ತರವಿರುವ ಊರಿನಲ್ಲಿ ಕುಲುಮೆ ಇನ್ನೂ ಇದೆ ಎನ್ನಬಹುದು.