ಶಿಖರದಿಂದ ಕುಂಡಕ್ಕೆ: ಶಿಂಪಾಕು ಬೊನ್ಸಾಯ್ ಕಲೆಯ ಒಂದು ವಿಮರ್ಶೆ

ಜೀವವನ್ನೇ ಮಾಧ್ಯಮವಾಗಿ ಉಳ್ಳ ಕಲೆಯನ್ನು ಕೇವಲ ರೂಪದ ಅಳತೆಗೋಲಿನಿಂದ ಅಳೆಯಲಾಗದು. ಚಿತ್ರ ಮುಗಿದ ಮೇಲೆ ಚಿತ್ರಕಾರನು ಕುಂಚವನ್ನು ಕೆಳಗಿಡಬಹುದು. ಬೊನ್ಸಾಯ್ ಕಲಾವಿದನಿಗೆ ಆ ಬಿಡುವಿಲ್ಲ. ಅವನ ಕೃತಿಗೆ ಹಸಿವು ಬಾಯಾರಿಕೆಗಳುಂಟು, ಸಾವೂ ಉಂಟು. ಜಪಾನಿನ ಬೊನ್ಸಾಯ್ ಪರಂಪರೆಯಲ್ಲಿ ಪೈನ್ ಮರದೊಡನೆ ಅಗ್ರಮನ್ನಣೆ ಪಡೆದಿರುವ, ಶಿಂಪಾಕು ಎಂಬ ಹೆಸರಿನ ಜುನಿಪರ್ ಮರಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಉಚಿತವಾಗಿದೆ.

ಶಿಂಪಾಕು ಎತ್ತರದ ಬಂಡೆಗಳ ಬಿರುಕುಗಳಲ್ಲಿಯೂ ಬೇರೂರಿ ಬೆಳೆಯುವ ನಿತ್ಯಹಸಿರಿನ ಮರ. ಗಾಳಿ, ಹಿಮ, ಉರುಳುವ ಕಲ್ಲುಗಳ ಹೊಡೆತಕ್ಕೆ ಅದರ ಕೊಂಬೆಗಳು ಮುರಿಯುತ್ತವೆ, ತೊಗಟೆ ಸುಲಿದುಹೋಗುತ್ತದೆ. ಆದರೂ ಒಂದು ಪಟ್ಟಿಯಷ್ಟು ಜೀವಂತ ತೊಗಟೆಯೂ ಅದರಡಿಯ ಹಸಿಮರವೂ ಉಳಿದರೆ ಸಾಕು, ಮರ ಶತಮಾನಗಳ ಕಾಲ ಬದುಕಬಲ್ಲದು. ಬಿಳಿಚಿದ ಸತ್ತ ಕಾಂಡ, ಅದನ್ನು ಸುತ್ತಿಕೊಂಡು ಏರುವ ಕೆಂಗಂದು ಬಣ್ಣದ ಜೀವರೇಖೆ, ಮೇಲೆ ದಟ್ಟವಾದ ಹಸಿರು: ಸಾವು ಬದುಕುಗಳು ಒಂದೇ ದೇಹದಲ್ಲಿ ಕೂಡಿರುವ ಈ ನೋಟವೇ ರಸಿಕರನ್ನು ಸೆಳೆದದ್ದು. ಹೀಗೆ ಬೆಟ್ಟದಿಂದ ಕಿತ್ತುತಂದ ಮರಕ್ಕೆ ಯಮಾದೊರಿ ಎಂದು ಹೆಸರು. 19ನೆಯ ಶತಮಾನದ ಕೊನೆಯಿಂದ 20ನೆಯ ಶತಮಾನದ ಮಧ್ಯದವರೆಗೆ ಶಿಕೊಕು ದ್ವೀಪದ ಇಶಿಜುಚಿ ಪರ್ವತದಲ್ಲಿಯೂ ನಿಗಾತ ಪ್ರಾಂತದ ಇತೊಇಗಾವ ಪರಿಸರದಲ್ಲಿಯೂ ಸಂಗ್ರಾಹಕರು ಹಗ್ಗಕ್ಕೆ ಜೋತುಬಿದ್ದು ಇವನ್ನು ಅರಸಿದರು. ಅವರಲ್ಲಿ ಪ್ರಾಣ ಕಳೆದುಕೊಂಡವರೂ ಉಂಟು. ಶತಮಾನಗಳಲ್ಲಿ ಬೆಳೆದುದು ಕೆಲವೇ ದಶಕಗಳಲ್ಲಿ ಬಹುಮಟ್ಟಿಗೆ ಬರಿದಾಯಿತು.

ತಂದ ಮರವನ್ನು ರೂಪಿಸುವ ಸಾಂಪ್ರದಾಯಿಕ ಕ್ರಮದಲ್ಲಿ ಮೆಚ್ಚಬೇಕಾದ ಸಂಯಮವಿದೆ. ಬೇರಿನ ಒಂದು ಭಾಗ ಬಂಡೆಯಲ್ಲಿಯೇ ಉಳಿದುಹೋಗುವುದರಿಂದ, ಮರವನ್ನು ನೀರು ನಿಲ್ಲದ ಜ್ವಾಲಾಮುಖಿಯ ಕಲ್ಲಹರಳುಗಳಲ್ಲಿ ನೆಟ್ಟು, ಹಲವು ವರ್ಷ ಚೇತರಿಸಿಕೊಳ್ಳಲು ಬಿಡುತ್ತಾರೆ. ಜುನಿಪರ್ ತನ್ನ ಬಲವನ್ನು ಎಲೆಗಳಲ್ಲಿ ಕಾಯ್ದುಕೊಳ್ಳುವ ಮರ. ಹಸಿರನ್ನು ಮಿತಿಮೀರಿ ಸವರಿದರೆ ಬೇರೂ ಸೊರಗುತ್ತದೆ. ದಣಿದ ಮರ ನುಣುಪಾದ ಎಲೆಗೆ ಬದಲು ಮುಳ್ಳಿನಂಥ ಎಲೆಗಳನ್ನು ಹೊರಡಿಸಿ ತನ್ನ ಸಂಕಟವನ್ನು ತಾನೇ ಸಾರುತ್ತದೆ. ದಪ್ಪ ಕೊಂಬೆಯನ್ನು ಬಾಗಿಸುವಾಗ ನೆನೆಸಿದ ನಾರನ್ನು ಸುತ್ತುವುದು, ತಾಮ್ರದ ತಂತಿ ತೊಗಟೆಯನ್ನು ಕಚ್ಚುವ ಮೊದಲೇ ಬಿಚ್ಚುವುದು, ಸತ್ತ ಭಾಗಕ್ಕೆ ಸುಣ್ಣ-ಗಂಧಕದ ದ್ರಾವಣ ಹಚ್ಚಿ ಕೊಳೆಯದಂತೆ ಕಾಪಾಡುವುದು, ಇವೆಲ್ಲ ಮರದ ಮಾತನ್ನು ಆಲಿಸಬಲ್ಲವರು ಕಂಡುಕೊಂಡ ವಿಧಾನಗಳು.

1940ರಲ್ಲಿ ಜನಿಸಿದ ಮಸಾಹಿಕೊ ಕಿಮುರಾ ಈ ಕ್ರಮಕ್ಕೆ ಹೊಸ ತಿರುವು ಕೊಟ್ಟರು. ಕೈಯುಳಿಯ ಕೆಲಸವನ್ನು ವಿದ್ಯುತ್ ಉಪಕರಣಗಳಿಗೆ ಒಪ್ಪಿಸಿ, ದಪ್ಪ ಕಾಂಡಗಳನ್ನು ಕೊರೆದು ಬಾಗಿಸಿ, ಅದುವರೆಗೆ ಅಸಾಧ್ಯವೆನಿಸಿದ್ದ ರೂಪಗಳನ್ನು ಸಾಧಿಸಿದರು. ಅವರ ಕೌಶಲ ಪ್ರಶ್ನಾತೀತವಾದುದು. ಜೀವರೇಖೆ ಎಲ್ಲಿ ಹರಿಯುತ್ತದೆಂಬುದನ್ನು ಬಲ್ಲ ಕೈ ಅದು. ಆದರೆ ಕೌಶಲವನ್ನು ಅನುಕರಿಸಿದವರೆಲ್ಲರೂ ಆ ತಿಳಿವನ್ನು ಪಡೆದವರಲ್ಲ. ವೇದಿಕೆಯ ಮೇಲೆ, ಪ್ರೇಕ್ಷಕರೆದುರಿಗೆ, ಕೆಲವೇ ಗಂಟೆಗಳಲ್ಲಿ ಮರವನ್ನು ಮಾರ್ಪಡಿಸಿ ತೋರುವ ಪದ್ಧತಿ ದೇಶವಿದೇಶಗಳಲ್ಲಿ ಹಬ್ಬಿತು. ಚಪ್ಪಾಳೆ ಆ ಕ್ಷಣದ್ದು. ಮರ ಉಳಿಯಿತೇ ಎಂಬುದು ಮುಂದಿನ ವರ್ಷದ ಮಾತು. ಗಾಳಿ ಕೊರೆದ ಗಾಯವನ್ನು ಕಾಪಾಡುವುದು ಬೇರೆ, ಜೀವಂತ ತೊಗಟೆಯನ್ನು ಸುಲಿದು ಗಾಯವನ್ನು ನಿರ್ಮಿಸುವುದು ಬೇರೆ. ನೋಟಕ್ಕೆ ಎರಡೂ ಒಂದೇ, ನೀತಿಗೆ ಒಂದಲ್ಲ.

ಪ್ರದರ್ಶನವು ಈ ಭೇದವನ್ನು ಮರೆಮಾಡುತ್ತದೆ. ಟೋಕಿಯೋ ನಗರದ ಉಯೆನೊ ಉದ್ಯಾನದ ಕಲಾಸಂಗ್ರಹಾಲಯದಲ್ಲಿ 1934ರಲ್ಲಿ ಆರಂಭವಾದ ಕೊಕುಫು ಪ್ರದರ್ಶನ ಈ ಕ್ಷೇತ್ರದ ಪರಮೋಚ್ಚ ವೇದಿಕೆ. ಅಲ್ಲಿನ ಶಿಸ್ತು ಅನುಕರಣೀಯ: ಮರಕ್ಕೊಪ್ಪುವ ಕುಂಡ, ಕುಂಡಕ್ಕೊಪ್ಪುವ ಪೀಠ, ಮಣ್ಣಿನ ಮೇಲೆ ಹಸಿರು ಪಾಚಿ, ಪಕ್ಕದಲ್ಲೊಂದು ಪುಟ್ಟ ಜತೆಗಿಡ. ಆದರೆ ಕಣ್ಣೆದುರಿಗೆ ನಿಲ್ಲುವುದು ರೂಪ ಮಾತ್ರ. ಮರ ಬಂಡೆಯಿಂದ ಬಂದದ್ದೋ ನೆಟ್ಟ ಕಡ್ಡಿಯಿಂದ ಬೆಳೆದದ್ದೋ, ಎಷ್ಟು ಕೈಗಳು ಅದಕ್ಕೆ ನೀರೆರೆದಿವೆ ಎಂಬುದು ರೂಪದಿಂದ ತಿಳಿಯದು. ಬೆಟ್ಟದ ಮರಕ್ಕೇ ಹಿರಿಮೆ ಸಲ್ಲುವವರೆಗೆ ಬೆಟ್ಟವನ್ನು ಬರಿದುಮಾಡುವ ಆಸೆಯೂ ಅಡಗದು.

ಜೈನ ಆಚಾರಶಾಸ್ತ್ರವು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಬಂಧ, ಛೇದ, ಅನ್ನಪಾನ ನಿರೋಧಗಳನ್ನು ಎಣಿಸಿದೆ. ಇವು ಮುಖ್ಯವಾಗಿ ತ್ರಸಜೀವಿಗಳನ್ನು ಕುರಿತವಾದರೂ, ವನಸ್ಪತಿಯನ್ನು ಸ್ಪರ್ಶೇಂದ್ರಿಯವುಳ್ಳ ಜೀವವೆಂದು ನಂಬುವವರು ತಂತಿಯಲ್ಲಿ ಬಂಧವನ್ನೂ ಕತ್ತರಿಯಲ್ಲಿ ಛೇದವನ್ನೂ ಕಾಣದಿರಲಾರರು. ಪ್ರಯೋಜನವಿಲ್ಲದೆ ಗಿಡಮರಗಳನ್ನು ಕಡಿಯುವುದು ಅನರ್ಥದಂಡವೆಂಬ ಎಚ್ಚರಿಕೆಯೂ ಅಲ್ಲಿದೆ. ಶಿಂಪಾಕುವನ್ನು ಕಡ್ಡಿ ನೆಟ್ಟು ಬೆಳೆಸಬಹುದಾಗಿರುವಾಗ, ಅಲಂಕಾರಕ್ಕಾಗಿ ಬೆಟ್ಟದ ಮರವನ್ನು ಕೀಳುವುದಕ್ಕೆ ಈ ಮಾನದಂಡದಲ್ಲಿ ಸಮರ್ಥನೆ ದೊರೆಯದು. ಆದರೆ ಈಗಾಗಲೇ ಕುಂಡದಲ್ಲಿರುವ ಹಳೆಯ ಮರದ ಪ್ರಶ್ನೆ ಬೇರೆ. ಅದಕ್ಕೆ ಹಿಂದಿರುಗಲು ಬಂಡೆಯಿಲ್ಲ. ಮಳೆಯೊಂದನ್ನೇ ನಂಬಿ ಬದುಕುವ ಸ್ವಾತಂತ್ರ್ಯವೂ ಇಲ್ಲ. ಅದರ ಪಾಲಿಗೆ ಉಳಿದಿರುವ ಘೋರ ಅತಿಚಾರವೆಂದರೆ ನೀರು ತಪ್ಪುವುದೊಂದೇ.

2019ರ ಜನವರಿಯಲ್ಲಿ ನಡೆದ ಘಟನೆಯೊಂದು ಇದನ್ನು ಮನಗಾಣಿಸುತ್ತದೆ. ಟೋಕಿಯೋ ಸಮೀಪದ ಸೈತಾಮ ಪ್ರಾಂತದ ಕಾವಾಗುಚಿಯಲ್ಲಿ ತಲೆಮಾರುಗಳಿಂದ ಬೊನ್ಸಾಯ್ ಬೆಳೆಸಿಕೊಂಡು ಬಂದ ಕುಟುಂಬವೊಂದರ ತೋಟದಿಂದ ಏಳು ಮರಗಳು ಕಳುವಾದವು. ಅವುಗಳಲ್ಲೊಂದು 400 ವರ್ಷ ವಯಸ್ಸಿನದೆನ್ನಲಾದ ಶಿಂಪಾಕು. ಅದರ ಬೆಲೆ ಒಂದು ಕೋಟಿ ಯೆನ್‌ಗೂ ಮಿಗಿಲು. ಮುಂದಿನ ತಿಂಗಳು ಅದು ಪ್ರದರ್ಶನಕ್ಕೆ ಹೋಗಬೇಕಾಗಿತ್ತು. ಆ ಕುಟುಂಬ ಕಳ್ಳರನ್ನು ಬಹಿರಂಗವಾಗಿ ಬೇಡಿಕೊಂಡದ್ದು, ಮರಗಳಿಗೆ ದಯವಿಟ್ಟು ನೀರೆರೆಯಿರಿ ಎಂದು. ಸ್ವತ್ತು ಕೈತಪ್ಪಿದ ಮೇಲೂ ಹೊಣೆ ಕೈತಪ್ಪಲಿಲ್ಲ. ಪರಿಗ್ರಹವು ಪೋಷಣೆಯಾಗಿ ಪರಿವರ್ತನೆ ಹೊಂದಿದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಈ ಕಲೆಯ ನಿಜವಾದ ಬೆಲೆ ಇಲ್ಲಿದೆ, ಕೊಂಬೆಯ ತಿರುವಿನಲ್ಲಿ ಅಲ್ಲ. ಆದುದರಿಂದ ಪ್ರದರ್ಶನಗಳು ಪ್ರತಿ ಮರದ ಮೂಲವನ್ನೂ ಅದನ್ನು ಸಲಹಿದ ಕಾಲವನ್ನೂ ಬರೆದು ತೋರಿಸುವುದು, ಕಡ್ಡಿಯಿಂದ ಬೆಳೆಸಿದ ಮರಕ್ಕೆ ಸಮಾನ ಗೌರವ ನೀಡುವುದು ನ್ಯಾಯ. ಇದೇ ತತ್ತ್ವ ನಮ್ಮ ಬಸದಿಗಳ ಗೋಡೆಗೂ ಅನ್ವಯಿಸುತ್ತದೆ. ಕಲ್ಲಿನ ಸಂದಿಯಲ್ಲಿ ಮೊಳೆತ ಅರಳಿ, ಆಲದ ಸಸಿಯನ್ನು ಕಟ್ಟಡದ ರಕ್ಷಣೆಗಾಗಿ ಕೀಳಲೇಬೇಕಾದಾಗ, ಅದು ಎಳೆಯದಿರುವಾಗಲೇ ಬೇರುಸಹಿತ ಬಿಡಿಸಿ ಬೇರೆಡೆ ನೆಡುವುದು ಸಾಧ್ಯ. ಅಂಥ ಸಂಗ್ರಹದಿಂದ ಜೀವ ಉಳಿಯುತ್ತದೆ. ನೆಟ್ಟ ಮೇಲೆ ದಿನವೂ ನೀರೆರೆಯುವ ಮನಸ್ಸಿಲ್ಲದವನು ಯಾವ ಗಿಡವನ್ನೂ ಬೇರಿನಿಂದ ಬಿಡಿಸಬಾರದು.