ಬೋಧನೆಗೆ ಬಗ್ಗದ ಚಿತ್ತ: ಸ್ವಸಹಾಯ ಸಾಹಿತ್ಯವನ್ನು ಕುರಿತು ಒಂದು ದೈವಶಾಸ್ತ್ರೀಯ ವಿಮರ್ಶೆ

ಹೊಸ ವರ್ಷದ ಮೊದಲನೆಯ ಭಾನುವಾರದಂದು ಜೀವಿತವನ್ನು ತಿದ್ದಿಕೊಳ್ಳುವ ಐದು ಹೆಜ್ಜೆಗಳನ್ನು ಕುರಿತು ಪ್ರಸಂಗ ಮಾಡದ ಸಭಾಪಾಲಕರು ನಮ್ಮಲ್ಲಿ ವಿರಳ. ಈ ಲೇಖಕನು ಆ ವಿರಳರಲ್ಲಿ ಒಬ್ಬನಲ್ಲ. ನಸುಕಿನಲ್ಲಿ ಏಳುವುದು, ದಿನದ ಕೆಲಸಗಳನ್ನು ಬರೆದಿಟ್ಟುಕೊಳ್ಳುವುದು, ಕೋಪವನ್ನು ತಡೆಯುವುದು, ಸಾಲ ಮಾಡದಿರುವುದು, ದಿನಕ್ಕೊಂದು ಅಧ್ಯಾಯ ಓದುವುದು ಎಂದು ಬೋಧಿಸಿದ್ದುಂಟು. ಅದೇ ಪ್ರಸಂಗವನ್ನು ಎರಡು ವರ್ಷಗಳ ತರುವಾಯ ಅದೇ ಸಭೆಯಲ್ಲಿ, ಹೆಜ್ಜೆಗಳ ಕ್ರಮವನ್ನಷ್ಟೇ ಬದಲಿಸಿ ಮಾಡಿದಾಗ ಯಾರೂ ಗುರುತಿಸಲಿಲ್ಲ. ಆರಾಧನೆ ಮುಗಿದ ಮೇಲೆ ಹಿರಿಯರೊಬ್ಬರು ಕೈಹಿಡಿದು, "ಅಯ್ಯನವರೇ, ಇಂಥ ಉಪಯುಕ್ತವಾದ ಮಾತನ್ನು ಕೇಳಿ ಬಹಳ ದಿನವಾಗಿತ್ತು" ಎಂದರು. ಅವರ ಸೌಜನ್ಯದಲ್ಲಿ ಸಂದೇಹವಿಲ್ಲ. ಆದರೆ ಅಷ್ಟು ಉಪಯುಕ್ತವಾದ ಮಾತು ಮೊದಲ ಸಲ ಯಾರಲ್ಲಿಯೂ ಬೇರುಬಿಡಲಿಲ್ಲವೇಕೆ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಹೇಳಿದ ಮಾತು ಸುಳ್ಳಾಗಿರಲಿಲ್ಲ. ಸ್ವಸಹಾಯ ಸಾಹಿತ್ಯವನ್ನು ವಿಮರ್ಶಿಸುವವರು ಸಾಮಾನ್ಯವಾಗಿ ಮರೆಯುವ ಅಂಶ ಇದೇ. ಬಸ್ ನಿಲ್ದಾಣದ ಪುಸ್ತಕದಂಗಡಿಯಲ್ಲಿ 'ವ್ಯಕ್ತಿತ್ವ ವಿಕಸನ' ಎಂಬ ಹೆಸರಿನಡಿ ಸಿಕ್ಕುವ ಹೊತ್ತಗೆಗಳಲ್ಲಿರುವ ಸಲಹೆಗಳು ಬಹುಪಾಲು ವಿವೇಕದ ಮಾತುಗಳೇ. ಅವುಗಳಲ್ಲಿ ಅನೇಕವು ಜ್ಞಾನೋಕ್ತಿಗಳ ಗ್ರಂಥದಲ್ಲಿಯೂ ದೊರೆಯುತ್ತವೆ. ಸೋಮಾರಿಯನ್ನು ಇರುವೆಯ ಬಳಿಗೆ ಕಳುಹಿಸುವ ಆ ಗ್ರಂಥವನ್ನು ಒಪ್ಪಿಕೊಂಡು ಈ ಹೊತ್ತಗೆಗಳನ್ನು ನಕ್ಕು ತಳ್ಳಿಬಿಡುವುದು ನ್ಯಾಯವಲ್ಲ. ಆದಕಾರಣ ಸಲಹೆ ಒಳ್ಳೆಯದೋ ಕೆಟ್ಟದ್ದೋ ಎಂಬುದು ಇಲ್ಲಿಯ ಪ್ರಶ್ನೆಯಲ್ಲ. ಒಳ್ಳೆಯ ಸಲಹೆಯೇ ಕೈಲಾಗದೆ ನಿಲ್ಲುವುದೇಕೆ ಎಂಬುದು ಪ್ರಶ್ನೆ.

ಈ ಪ್ರಕಾರಕ್ಕೆ ಹೆಸರು ಕೊಟ್ಟ ಗ್ರಂಥ ಸ್ಯಾಮ್ಯುಯೆಲ್ ಸ್ಮೈಲ್ಸನ 'ಸೆಲ್ಫ್ ಹೆಲ್ಪ್'. 1859ರಲ್ಲಿ ಲಂಡನ್ನಿನ ಜಾನ್ ಮರ್ರಿ ಇದನ್ನು ಪ್ರಕಟಿಸಿದನು. ಡಾರ್ವಿನ್ನನ ಜೀವಜಾತಿಗಳ ಉಗಮವನ್ನು ಕುರಿತ ಗ್ರಂಥವನ್ನು ಅದೇ ವರ್ಷ ಅದೇ ಪ್ರಕಾಶಕನೇ ಹೊರತಂದನೆಂಬುದು ಸ್ವಾರಸ್ಯಕರ. ತನಗೆ ತಾನು ನೆರವಾಗುವವನಿಗೆ ಪರಲೋಕವೂ ನೆರವಾಗುವುದೆಂಬ ಅರ್ಥದ ಗಾದೆಯಿಂದ ಗ್ರಂಥವು ಆರಂಭವಾಗುತ್ತದೆ. ಈ ಗಾದೆ ಸತ್ಯವೇದದಲ್ಲಿದೆಯೆಂದು ನಂಬಿರುವ ಸಭಿಕರು ಇಂದಿಗೂ ಕಡಿಮೆಯಿಲ್ಲ, ಅದು ಅಲ್ಲಿಲ್ಲ. ಆದರೆ ನಾವು ಗಮನಿಸಬೇಕಾದದ್ದು ಗಾದೆಯನ್ನಲ್ಲ, ಮುನ್ನುಡಿಯನ್ನು. ಲೀಡ್ಸ್ ಪಟ್ಟಣದಲ್ಲಿ ಕೆಲವೇ ಮಂದಿ ಬಡ ಯುವಕರು ಚಳಿಗಾಲದ ಸಂಜೆಗಳಲ್ಲಿ ಒಟ್ಟುಗೂಡಿ, ಒಬ್ಬರಿಗೆ ತಿಳಿದುದನ್ನು ಇನ್ನೊಬ್ಬರಿಗೆ ಕಲಿಸತೊಡಗಿದರು. ಸಂಖ್ಯೆ ಹೆಚ್ಚಿತು. ಕಾಲರಾ ರೋಗಿಗಳಿಗಾಗಿ ತಾತ್ಕಾಲಿಕ ಆಸ್ಪತ್ರೆಯಾಗಿದ್ದ, ಆದುದರಿಂದಲೇ ಬೇರೆ ಯಾರೂ ಬಾಡಿಗೆಗೆ ಹಿಡಿಯದ ಒಂದು ಕೋಣೆಯನ್ನು ಅವರು ಹಿಡಿದರು. ತಮಗೆ ಕೆಲವು ಮಾತು ಹೇಳಬೇಕೆಂದು ಅವರು ಸ್ಮೈಲ್ಸನನ್ನು ಕೇಳಿಕೊಂಡರು. ಅಲ್ಲಿ ಹೇಳಿದ ಮಾತುಗಳಿಂದ ಗ್ರಂಥವು ಬೆಳೆಯಿತು.

ಹೀಗೆ ಸ್ವಸಹಾಯದ ಮೂಲಗ್ರಂಥವು ಪರಸ್ಪರ ಸಹಾಯದ ಕೋಣೆಯೊಂದರಲ್ಲಿ ಹುಟ್ಟಿತು. ಲೀಡ್ಸಿನ ಯುವಕರು ಸ್ಮೈಲ್ಸನನ್ನು ಕರೆಯುವುದಕ್ಕೆ ಮೊದಲೇ ಬದಲಾಗತೊಡಗಿದ್ದರು. ಅವನು ಅವರಿಗೆ ಹೇಳಿದ್ದು ಅವರು ಆಗಲೇ ಮಾಡುತ್ತಿದ್ದುದರ ವಿವರಣೆ. ಪುಸ್ತಕವು ಅಚ್ಚಾಗಿ ಲೋಕಕ್ಕೆ ಹರಡಿದಾಗ ಮಾತುಗಳು ಹೋದವು, ಕೋಣೆ ಹೋಗಲಿಲ್ಲ. ಕನ್ನಡವು ಈ ವಿಷಯದಲ್ಲಿ ತಿಳಿದೋ ತಿಳಿಯದೆಯೋ ಜಾಣತನ ತೋರಿದೆ. ನಮ್ಮ ಹಳ್ಳಿಗಳಲ್ಲಿ 'ಸ್ವಸಹಾಯ' ಎಂದೊಡನೆ ನೆನಪಾಗುವುದು ಪುಸ್ತಕವಲ್ಲ, ಸಂಘ. ವಾರಕ್ಕೊಮ್ಮೆ ಕೂಡಿ ಕುಳಿತು, ಉಳಿತಾಯದ ಹಣ ಎಣಿಸಿ, ಯಾರ ಮನೆಯಲ್ಲಿ ಏನು ತೊಂದರೆಯೆಂದು ವಿಚಾರಿಸುವ ಹೆಂಗಸರ ಗುಂಪಿಗೆ ಆ ಪದವು ಸಂದಿದೆ. ಒಂಟಿಯಾಗಿ ಓದುವ ಪುಸ್ತಕಕ್ಕೆ ನಾವು ಬೇರೊಂದು ಹೆಸರಿಟ್ಟೆವು.

ಇನ್ನು ಬೆಂಜಮಿನ್ ಫ್ರ್ಯಾಂಕ್ಲಿನ್ನನ ಆತ್ಮಕಥೆಗೆ ಬರೋಣ. ಪ್ರಸಂಗಪೀಠದಲ್ಲಿ ನಿಲ್ಲುವ ಪ್ರತಿಯೊಬ್ಬನೂ ಅದರ ಎರಡನೆಯ ಭಾಗವನ್ನು ಓದಬೇಕೆಂಬುದು ನನ್ನ ಅಭಿಪ್ರಾಯ. ಏಕೆಂದರೆ ಅದರಲ್ಲಿ ನಮ್ಮ ಮೇಲೊಂದು ದೂರಿದೆ. ಫಿಲಡೆಲ್ಫಿಯದ ಪ್ರೆಸ್ಬಿಟೇರಿಯನ್ ಸಭೆಗೆ ಫ್ರ್ಯಾಂಕ್ಲಿನ್ ಆಗಾಗ ಹೋಗುತ್ತಿದ್ದನು. ಒಂದು ದಿನ ಬೋಧಕನು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ ನಾಲ್ಕನೆಯ ಅಧ್ಯಾಯದ ಎಂಟನೆಯ ವಚನವನ್ನು ಆರಿಸಿಕೊಂಡನು. ಸತ್ಯವೂ ಮಾನ್ಯವೂ ನ್ಯಾಯವೂ ಶುದ್ಧವೂ ಆದವುಗಳನ್ನು ಲಕ್ಷ್ಯಕ್ಕೆ ತಂದುಕೊಳ್ಳಿರೆಂದು ಅಪೊಸ್ತಲನು ಹೇಳುವ ಆ ವಚನದಿಂದ ಬೋಧಕನು ಹೊರತೆಗೆದದ್ದು ಐದು ಅಂಶಗಳನ್ನು: ಸಬ್ಬತ್ತನ್ನು ಆಚರಿಸುವುದು, ಶಾಸ್ತ್ರವನ್ನು ಓದುವುದು, ಆರಾಧನೆಗೆ ತಪ್ಪದೆ ಬರುವುದು, ಸಂಸ್ಕಾರದಲ್ಲಿ ಪಾಲುಗೊಳ್ಳುವುದು, ದೇವರ ಸೇವಕರಿಗೆ ತಕ್ಕ ಗೌರವ ಸಲ್ಲಿಸುವುದು. ಫ್ರ್ಯಾಂಕ್ಲಿನ್ ಬೇಸತ್ತು ಹೊರಟುಹೋದನು, ಆ ಬೋಧಕನ ಪ್ರಸಂಗಕ್ಕೆ ಮತ್ತೆ ಹೋಗಲಿಲ್ಲ. ಅನಂತರ ತನ್ನದೇ ಆದ ಯೋಜನೆಯೊಂದನ್ನು ರಚಿಸಿಕೊಂಡನು.

ಐದು ಹೆಜ್ಜೆಗಳ ಪ್ರಸಂಗ ನಮ್ಮ ಕಾಲದ ಆವಿಷ್ಕಾರವೇನೂ ಅಲ್ಲವೆಂದಾಯಿತು. ಸಭೆಯು ನಿಯಮಗಳ ಪಟ್ಟಿಯನ್ನು ಕೊಟ್ಟಿತು; ಫ್ರ್ಯಾಂಕ್ಲಿನ್ ಅದನ್ನು ಒಲ್ಲದೆ, ಅದಕ್ಕಿಂತ ಉತ್ತಮವಾದ ಪಟ್ಟಿಯನ್ನು ತಾನೇ ಮಾಡಿಕೊಂಡನು. ಪಟ್ಟಿಗೆ ಪಟ್ಟಿಯೇ ಉತ್ತರವಾಯಿತು.

ಅವನ ಪಟ್ಟಿಯಲ್ಲಿ ಹದಿಮೂರು ಸದ್ಗುಣಗಳಿದ್ದವು. ಒಂದೊಂದಕ್ಕೂ ಒಂದು ಪುಟ, ಪುಟಕ್ಕೆ ಕೆಂಪು ಶಾಯಿಯ ಗೆರೆ, ವಾರದ ದಿನಗಳಿಗೆ ಏಳು ಅಂಕಣ. ರಾತ್ರಿ ತನ್ನನ್ನು ತಾನೇ ಪರೀಕ್ಷಿಸಿಕೊಂಡು, ತಪ್ಪಿದಲ್ಲೆಲ್ಲ ಕಪ್ಪು ಚುಕ್ಕೆ. ವಾರಕ್ಕೊಂದು ಗುಣದಂತೆ ಹದಿಮೂರು ವಾರಗಳ ಒಂದು ಸುತ್ತು; ವರ್ಷಕ್ಕೆ ನಾಲ್ಕು ಸುತ್ತು. ಹಳೆಯ ಚುಕ್ಕೆಗಳನ್ನು ಕೆರೆದು ಕೆರೆದು ಕಾಗದವೇ ತೂತುಬಿದ್ದುದರಿಂದ, ಒದ್ದೆ ಸ್ಪಂಜಿನಿಂದ ಒರೆಸಬಹುದಾದ ದಂತದ ಹಾಳೆಗಳಿಗೆ ಲೆಕ್ಕವನ್ನು ಬದಲಾಯಿಸಿದನು. ತಾನು ಎಣಿಸಿದ್ದಕ್ಕಿಂತ ಹೆಚ್ಚು ದೋಷಗಳು ತನ್ನಲ್ಲಿರುವುದನ್ನು ಕಂಡು ಬೆರಗಾದನೆಂದು ಪ್ರಾಮಾಣಿಕವಾಗಿ ಬರೆದಿದ್ದಾನೆ. ಕ್ರಮಬದ್ಧತೆ ಎಂಬ ಗುಣವಂತೂ ಕೊನೆಯವರೆಗೂ ಅವನಿಗೆ ಒಲಿಯಲಿಲ್ಲ. ಕಮ್ಮಾರನ ಬಳಿ ಕೊಡಲಿ ಕೊಂಡು, ಅದರ ಮೈಯೆಲ್ಲ ಹೊಳೆಯುವಂತೆ ಉಜ್ಜಿಸಿಕೊಳ್ಳಲು ಹೋಗಿ, ಸಾಣೆಯ ಚಕ್ರವನ್ನು ತಿರುಗಿಸಿ ದಣಿದು, ಕಡೆಗೆ ಚುಕ್ಕೆಗಳುಳ್ಳ ಕೊಡಲಿಯೇ ತನಗೆ ಇಷ್ಟವೆಂದು ಹೊರಟುಹೋದವನ ಕಥೆಯನ್ನು ಈ ಸಂದರ್ಭದಲ್ಲಿಯೇ ಹೇಳುತ್ತಾನೆ. ಹದಿಮೂರನೆಯ ಗುಣವಾದ ನಮ್ರತೆ ಪಟ್ಟಿಗೆ ಸೇರಿದ್ದು ಕ್ವೇಕರ್ ಸ್ನೇಹಿತನೊಬ್ಬನು, ನಿನ್ನನ್ನು ಜನರು ಗರ್ವಿಷ್ಠನೆನ್ನುತ್ತಾರೆಂದು ತಿಳಿಸಿದ ಮೇಲೆ. ಇದನ್ನು ಕುರಿತು ಫ್ರ್ಯಾಂಕ್ಲಿನ್ನನ ಒಪ್ಪಿಗೆ ಮಾರ್ಮಿಕವಾದುದು: ಗರ್ವವನ್ನು ಪೂರ್ಣವಾಗಿ ಗೆದ್ದರೂ ಆ ನಮ್ರತೆಯ ವಿಷಯದಲ್ಲಿಯೇ ತಾನು ಗರ್ವಪಡಬಹುದೆಂದು ಅವನು ಬಲ್ಲನು.

ಈ ಪುಟಗಳಲ್ಲಿ ಎರಡು ವಿಷಯಗಳು ಎದ್ದು ಕಾಣುತ್ತವೆ. ಮೊದಲನೆಯದು, ಚುಕ್ಕೆಯ ಪುಸ್ತಕವು ದೋಷವನ್ನು ತೋರಿಸುವುದರಲ್ಲಿ ಯಶಸ್ವಿಯಾಯಿತು, ಕ್ರಮಬದ್ಧತೆಯಂಥ ಮೊಂಡು ದೋಷವನ್ನು ನೀಗಿಸುವುದರಲ್ಲಿ ಸೋತಿತು. ಧರ್ಮಶಾಸ್ತ್ರದಿಂದ ಪಾಪದ ಅರುಹು ಉಂಟಾಗುತ್ತದೆಂದು ರೋಮಾಪುರದವರಿಗೆ ಪೌಲನು ಬರೆದುದನ್ನು ಫ್ರ್ಯಾಂಕ್ಲಿನ್ ಕೆಂಪು ಗೆರೆಗಳಲ್ಲಿ ಕಂಡುಕೊಂಡನು. ಎರಡನೆಯದು, ಅವನಿಗೆ ತನ್ನ ಬಗ್ಗೆ ತಿಳಿಯದೇ ಇದ್ದ ದೋಷವನ್ನು ಪುಸ್ತಕವು ಕಂಡುಹಿಡಿಯಲಿಲ್ಲ, ಸ್ನೇಹಿತನು ಕಂಡುಹಿಡಿದನು. ತಿದ್ದುವವನೂ ತಿದ್ದಿಸಿಕೊಳ್ಳುವವನೂ ಒಬ್ಬನೇ ಆದಾಗ ಆತ್ಮವಂಚನೆಗೆ ಬಾಗಿಲು ತೆರೆದೇ ಇರುತ್ತದೆ. ಈ ಪ್ರಯತ್ನದಿಂದ ತಾನು ಮೊದಲಿಗಿಂತ ಉತ್ತಮನೂ ಸಂತುಷ್ಟನೂ ಆದೆನೆಂದು ಫ್ರ್ಯಾಂಕ್ಲಿನ್ ಹೇಳಿಕೊಂಡಿದ್ದಾನೆ. ಅದನ್ನು ಅಲ್ಲಗಳೆಯಲು ನಮಗೆ ಅಧಿಕಾರವಿಲ್ಲ. ಆದರೆ ಅವನಂಥ ಅಸಾಧಾರಣ ಶಿಸ್ತಿನ ಮನುಷ್ಯನೇ ವರ್ಷಕ್ಕೆ ನಾಲ್ಕು ಸುತ್ತಿನಿಂದ ಒಂದಕ್ಕೆ, ಅಲ್ಲಿಂದ ಕೆಲವು ವರ್ಷಗಳಿಗೊಂದಕ್ಕೆ ಇಳಿದು, ಕಡೆಗೆ ಬಿಟ್ಟೇಬಿಟ್ಟನು. ಪುಸ್ತಕವನ್ನು ಮಾತ್ರ ಸದಾ ಜೊತೆಯಲ್ಲಿಟ್ಟುಕೊಂಡಿದ್ದನು.

ಸಭೆಯ ಚರಿತ್ರೆಯಲ್ಲಿ ಈ ವಾದವು ಐದನೆಯ ಶತಮಾನದಷ್ಟು ಹಳೆಯದು. ರೋಮಿನ ಪತನದ ತರುವಾಯ ಆಫ್ರಿಕಕ್ಕೆ ಬಂದಿದ್ದ ಕುಲೀನ ಮನೆತನದ ದೆಮೆತ್ರಿಯಳೆಂಬ ಕನ್ಯೆಯು ತನ್ನನ್ನು ದೇವರಿಗೆ ಪ್ರತಿಷ್ಠಿಸಿಕೊಂಡಾಗ, ಅವಳ ತಾಯಿ ಯೂಲಿಯಾನಳು ಬುದ್ಧಿವಾದ ಬರೆದುಕೊಡಬೇಕೆಂದು ಪೆಲಾಗಿಯನನ್ನು ಕೇಳಿಕೊಂಡಳು. ಅವನು ಬರೆದ ಪತ್ರವು ಆ ಕಾಲದ ಸ್ವಸಹಾಯ ಸಾಹಿತ್ಯದ ಶ್ರೇಷ್ಠ ಮಾದರಿ. ಸನ್ಮಾರ್ಗವನ್ನು ಬೋಧಿಸುವಾಗಲೆಲ್ಲ ತಾನು ಮೊದಲು ಮನುಷ್ಯ ಸ್ವಭಾವದ ಶಕ್ತಿಯನ್ನು ಎತ್ತಿತೋರಿಸುತ್ತೇನೆ, ತನ್ನಿಂದಾಗದೆಂದು ತಿಳಿದವನು ಹೆಜ್ಜೆಯನ್ನೇ ಇಡಲಾರನು ಎಂಬುದು ಅವನ ಬೋಧನಾಕ್ರಮ. ಇಂದಿನ ಯಾವ ವ್ಯಕ್ತಿತ್ವ ವಿಕಸನ ಶಿಬಿರದಲ್ಲಿಯೂ ಇದೇ ಆರಂಭದ ಮಾತು. ಪೆಲಾಗಿಯನನ್ನು ಪಾಷಂಡಿಯೆಂಬ ಒಂದೇ ಪದದಲ್ಲಿ ಮುಗಿಸುವುದು ನಮ್ಮ ತರಗತಿಗಳ ರೂಢಿ. ಕೃಪೆಯ ಹೆಸರಿನಲ್ಲಿ ಮೈಗಳ್ಳತನ ಬೆಳೆಸಿದ್ದ ನಾಮಧಾರಿ ಕ್ರೈಸ್ತರನ್ನು ಕಂಡು ಅವನು ನೊಂದಿದ್ದನೆಂಬುದನ್ನು ವಿದ್ಯಾರ್ಥಿಗಳಿಗೆ ಹೇಳುವವರು ಕಡಿಮೆ.

ಅಗಸ್ಟೀನನ ಉತ್ತರವು ಸಲಹೆಯ ವಿರುದ್ಧವಾಗಿರಲಿಲ್ಲ. 412ರಲ್ಲಿ ರಚಿಸಿದ ಆತ್ಮ ಮತ್ತು ಅಕ್ಷರವನ್ನು ಕುರಿತ ಗ್ರಂಥದಲ್ಲಿ ಅವನ ವಾದವಿಷ್ಟು: ಆಜ್ಞೆ ಒಳ್ಳೆಯದು, ಆದರೆ ಆಜ್ಞೆಯಲ್ಲಿ ಆನಂದಿಸುವ ಮನಸ್ಸನ್ನು ಆಜ್ಞೆಯು ಹುಟ್ಟಿಸಲಾರದು. ಮನುಷ್ಯನು ತಾನು ಪ್ರೀತಿಸುವುದರ ಕಡೆಗೆ ಚಲಿಸುತ್ತಾನೆ. ಪ್ರೀತಿಯು ಬದಲಾಗದೆ ನಡತೆ ಬದಲಾದರೆ ಅದು ದಂಡನೆಯ ಭಯ, ಅಷ್ಟೆ. 'ಅರಿಕೆಗಳು' ಎಂಬ ಗ್ರಂಥದ ಎಂಟನೆಯ ಭಾಗದಲ್ಲಿ ಇದನ್ನೇ ಅನುಭವದಿಂದ ವರ್ಣಿಸಿದ್ದಾನೆ. ಮನಸ್ಸು ಕೈಗೆ ಅಪ್ಪಣೆ ಕೊಟ್ಟರೆ ಕೈ ಒಡನೆ ಏಳುತ್ತದೆ. ಮನಸ್ಸು ತನಗೇ ಅಪ್ಪಣೆ ಕೊಟ್ಟರೆ ಕೇಳುವುದಿಲ್ಲ. ಕಾರಣ, ಅಪ್ಪಣೆ ಕೊಡುವ ಚಿತ್ತವು ಇಡಿಯಾಗಿಲ್ಲ. ಸ್ವಸಹಾಯ ಗ್ರಂಥಕರ್ತನು ಓದುಗನ ಚಿತ್ತವು ಇಡಿಯಾಗಿದೆ, ಮಾರ್ಗ ಮಾತ್ರ ತಿಳಿದಿಲ್ಲ ಎಂದು ಭಾವಿಸಿ ಬರೆಯುತ್ತಾನೆ. ಕುಡಿತವನ್ನು ಬಿಡುವುದು ಹೇಗೆಂದು ಕುಡುಕನಿಗೆ ತಿಳಿಯದೆ ಅಲ್ಲ. 1935ರಲ್ಲಿ ಅಮೆರಿಕದ ಆಕ್ರನ್ನಿನಲ್ಲಿ ಆರಂಭವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟವು ತನ್ನ ಮೊದಲನೆಯ ಹೆಜ್ಜೆಯಾಗಿ ಬಲಹೀನತೆಯ ಒಪ್ಪಿಗೆಯನ್ನೇ ಇಟ್ಟುಕೊಂಡದ್ದು, ಅದನ್ನೂ ಇತರರ ಮುಂದೆ ಬಾಯಿಬಿಟ್ಟು ಹೇಳಿಸುವುದು, ಪೆಲಾಗಿಯನ ಕ್ರಮಕ್ಕೆ ನೇರ ವಿರುದ್ಧವಾದುದು.

ಇಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆಯ ಏಳನೆಯ ಅಧ್ಯಾಯವನ್ನು ಎಳೆದು ತರುವ ಆತುರ ಸಹಜ. ಸ್ವಲ್ಪ ತಾಳ್ಮೆ ಒಳ್ಳೆಯದು. ಅಲ್ಲಿಯ 'ನಾನು' ಪೌಲನ ಆತ್ಮಚರಿತ್ರೆಯಲ್ಲವೆಂದು ಕ್ಯುಮೆಲ್ 1929ರಲ್ಲಿಯೇ ವಾದಿಸಿದನು. ಪೌಲನಿಗೆ ಪಾಶ್ಚಾತ್ಯರ ಅಂತರ್ಮುಖ ಮನಸ್ಸಾಕ್ಷಿಯನ್ನು ಆರೋಪಿಸಬಾರದೆಂದು ಸ್ಟೆಂಡಾಲ್ 1963ರಲ್ಲಿ ಎಚ್ಚರಿಸಿದನು. ಅಧ್ಯಾಯವನ್ನು ಕೇವಲ ಮನಶ್ಶಾಸ್ತ್ರವಾಗಿಸಿದರೆ ಅದೂ ಒಂದು ಸ್ವಸಹಾಯ ಪಾಠವಾಗುತ್ತದೆ, ಎಂಟನೆಯ ಅಧ್ಯಾಯಕ್ಕೆ ಹೋಗುವ ಅಗತ್ಯವೇ ಉಳಿಯುವುದಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಪಟ್ಟಿಯ ಸ್ಥಾನಕ್ಕೆ ಜಪವು ಬಂದಿತು. ನಾರ್ಮನ್ ವಿನ್ಸೆಂಟ್ ಪೀಲ್ ನ್ಯೂಯಾರ್ಕಿನ ಸಭಾಪಾಲಕನು. 1952ರ ಅವನ ಪ್ರಸಿದ್ಧ ಗ್ರಂಥವು ಸಕಾರಾತ್ಮಕ ವಾಕ್ಯಗಳನ್ನು, ಶಾಸ್ತ್ರವಚನಗಳನ್ನು ಸಹ, ಮನಸ್ಸಿನಲ್ಲಿ ಪುನರುಚ್ಚರಿಸುವಂತೆ ಕಲಿಸುತ್ತದೆ. ವಚನವು ಇಲ್ಲಿ ವಾಗ್ದಾನವಾಗಿ ಉಳಿಯದೆ ಉಪಕರಣವಾಯಿತು. 2009ರಲ್ಲಿ ಜೋಆನ್ ವುಡ್ ಮತ್ತು ಸಂಗಡಿಗರು ಕೆನಡದಲ್ಲಿ ನಡೆಸಿದ ಪ್ರಯೋಗದಲ್ಲಿ, ತಾನು ಪ್ರೀತಿಗೆ ಪಾತ್ರನೆಂಬ ವಾಕ್ಯವನ್ನು ಹೇಳಿಕೊಂಡವರಲ್ಲಿ ಆತ್ಮಗೌರವ ಕಡಿಮೆಯಿದ್ದವರ ಮನಸ್ಸು ಮತ್ತಷ್ಟು ಕುಗ್ಗಿತು. ಇದು ಆಶ್ಚರ್ಯವಲ್ಲ. ನೀನು ನನಗೆ ಪ್ರಿಯನೆಂಬ ಮಾತನ್ನು ಯೊರ್ದನ್ ಹೊಳೆಯಲ್ಲಿಯೂ ಮತ್ತೊಬ್ಬರ ಬಾಯಿಂದಲೇ ಕೇಳಬೇಕಾಯಿತು.

ಇನ್ನೊಂದು ಮಾತನ್ನು ಬಿಡಲಾಗದು. ನನ್ನ ಐದು ಹೆಜ್ಜೆಗಳಲ್ಲಿ ಮೊದಲನೆಯದು ನಸುಕಿನಲ್ಲಿ ಏಳುವುದಾಗಿತ್ತು. ಎದುರಿನ ಬೆಂಚುಗಳಲ್ಲಿ ಕುಳಿತಿದ್ದ ತಾಯಂದಿರಲ್ಲಿ ಹಲವರು ನಲ್ಲಿಯ ಸರದಿಗಾಗಿ ನಾಲ್ಕು ಗಂಟೆಗೇ ಎದ್ದು, ಅಡಿಗೆ ಮುಗಿಸಿ, ಗಾರ್ಮೆಂಟ್ಸಿನ ಬಸ್ಸು ಹಿಡಿಯುವವರು. ಸಾಲ ಮಾಡಬಾರದೆಂದು ನಾನು ಹೇಳಿದಾಗ ಆಸ್ಪತ್ರೆಯ ಸಾಲ ತೀರಿಸುತ್ತಿದ್ದವರು ತಲೆತಗ್ಗಿಸಿದರು. ಸಂಬಳ, ನೀರು, ರೋಗ ಇವುಗಳಿಂದ ಬಂದ ಕಷ್ಟವನ್ನು ಚಾರಿತ್ರ್ಯದ ಕೊರತೆಯೆಂದು ಹೇಳುವ ಬೋಧನೆಯು ಯೋಬನ ಮೂವರು ಸ್ನೇಹಿತರ ಬೋಧನೆ. ಅವರ ಮಾತುಗಳೂ ಬಿಡಿಬಿಡಿಯಾಗಿ ನೋಡಿದರೆ ವಿವೇಕದವುಗಳೇ.

ಜ್ಞಾನೋಕ್ತಿಗಳ ಗ್ರಂಥಕ್ಕೆ ಹಿಂದಿರುಗಿದರೆ, ಅದರ ಬುದ್ಧಿವಾದವು "ಮಗನೇ" ಎಂಬ ಕರೆಯಿಂದ ಮೊದಲಾಗುತ್ತದೆ. ಬೋಧಿಸುವವನು ಅದೇ ಮನೆಯವನು. ಮಗನು ಎಡವಿದರೆ ಎತ್ತಬೇಕಾದವನೂ ಅವನೇ. ನಮ್ಮ ಪರಂಪರೆಯಲ್ಲಿಯೂ ಇಂಥ ಮನೆಯೊಂದಿತ್ತು. 1742ರಲ್ಲಿ ಬ್ರಿಸ್ಟಲಿನ ಮೆಥೊಡಿಸ್ಟರು ತಮ್ಮ ಕಟ್ಟಡದ ಸಾಲ ತೀರಿಸಲು, ಸದಸ್ಯರನ್ನು ಹನ್ನೆರಡರ ತಂಡಗಳಾಗಿ ವಿಂಗಡಿಸಿ, ವಾರಕ್ಕೊಂದು ಪೆನ್ನಿ ವಸೂಲಿಗೆ ತಂಡಕ್ಕೊಬ್ಬ ನಾಯಕನನ್ನು ನೇಮಿಸಿದರು. ಪೆನ್ನಿಗಾಗಿ ಮನೆಮನೆಗೆ ಹೋದ ನಾಯಕರು ಒಬ್ಬನ ಕುಡಿತವನ್ನೂ ಮತ್ತೊಬ್ಬನ ಜಗಳವನ್ನೂ ಕಂಡುಬಂದು ವೆಸ್ಲಿಗೆ ತಿಳಿಸಿದರು. ತಾನು ಬಹುಕಾಲದಿಂದ ಹುಡುಕುತ್ತಿದ್ದುದು ಇದೇ ಎಂದು ವೆಸ್ಲಿಗೆ ಹೊಳೆಯಿತು; 'ಕ್ಲಾಸ್ ಮೀಟಿಂಗ್' ಹುಟ್ಟಿತು. ಮೈಸೂರು ಸೀಮೆಯ ನಮ್ಮ ಹಲವು ಸಭೆಗಳು ವೆಸ್ಲಿಯನ್ ಮಿಷನ್ನಿನ ಬಳುವಳಿಯವು. ಕಾಣಿಕೆಯ ಲೆಕ್ಕ ಅವುಗಳಲ್ಲಿ ಉಳಿದಿದೆ; ಕಾಣಿಕೆಗೆಂದು ಹೋದವನು ಜಗಲಿಯ ಮೇಲೆ ಕುಳಿತು ಮನೆಯವರ ಕ್ಷೇಮವನ್ನು ವಿಚಾರಿಸುವುದು ಎಷ್ಟು ಕಡೆ ಉಳಿದಿದೆಯೆಂಬುದನ್ನು ಓದುಗರು ತಮ್ಮ ತಮ್ಮ ಸಭೆಗಳಲ್ಲಿ ನೋಡಿಕೊಳ್ಳಬಹುದು. ಬರುವ ಜನವರಿಯ ಮೊದಲನೆಯ ಭಾನುವಾರಕ್ಕೆ ನಾನಿನ್ನೂ ವಚನವನ್ನು ಆರಿಸಿಕೊಂಡಿಲ್ಲ.