ಏಲಂ ಕಟ್ಟೆಯಲ್ಲಿ ಹಿರಿಯ ಆಟಗಾರ

ಹೆಮ್ಮಾಡಿಯ ಹೆದ್ದಾರಿ ಬದಿಯ ಹೋಟೆಲಿನಲ್ಲಿ, ಕೊಲ್ಲೂರು ಬಸ್ಸಿಗೆ ಕಾಯುತ್ತ ಚಹಾ ಕುಡಿಯುವವರ ನಡುವೆ ಪ್ರತಿವರ್ಷ ಒಂದು ಚರ್ಚೆ ತಪ್ಪದೆ ನಡೆಯುತ್ತದೆ. ಐಪಿಎಲ್ ತಂಡಗಳು ಯಾರನ್ನು ಉಳಿಸಿಕೊಂಡವು, ಯಾರನ್ನು ಕೈಬಿಟ್ಟವು ಎಂಬ ಪಟ್ಟಿ ಪತ್ರಿಕೆಯಲ್ಲಿ ಬಂದ ದಿನದ ಚರ್ಚೆ ಅದು. "ಹ್ವಾಯ್, ಪ್ರಾಯ ಆದ್ಮೇಲೆ ಬಿಟ್ಟ್ ಹೋಯ್ಕಲ್ದಾ ಮಾರಾಯ್ರೆ?" ಎಂದು ಒಬ್ಬರು ಕೇಳುತ್ತಾರೆ. "ಅಷ್ಟ್ ವರ್ಷ ಆಡಿದವ್ರಿಗೆ ಒಂದ್ ಮಾತ್ ಹೇಳಿ ಕಳ್ಸುಕೆ ಆತಿಲ್ಯಾ?" ಎಂದು ಇನ್ನೊಬ್ಬರು. ಇಬ್ಬರ ಮಾತಿನಲ್ಲೂ ಸತ್ಯವಿದೆ. ನಮ್ಮ ಕ್ರೀಡಾಪುಟಗಳಾಗಲಿ ಟಿ.ವಿ. ಚಾನೆಲುಗಳಾಗಲಿ ಮೊದಲನೆಯವರ ಪ್ರಶ್ನೆಯನ್ನು ಮಾತ್ರ ಮತ್ತೆ ಮತ್ತೆ ಕೇಳುತ್ತವೆ. ಎರಡನೆಯವರ ಪ್ರಶ್ನೆ ಚಹಾದ ಲೋಟದ ಜೊತೆಗೇ ಮೇಜಿನ ಮೇಲೆ ಉಳಿದುಬಿಡುತ್ತದೆ. ಆ ಎರಡನೆಯ ಪ್ರಶ್ನೆಯನ್ನು ಇಲ್ಲಿ ಕೈಗೆತ್ತಿಕೊಳ್ಳುವುದು ನಮ್ಮ ಉದ್ದೇಶ.

ಕರ್ನಾಟಕದವರಿಗೆ ಇದಕ್ಕೆ ಉದಾಹರಣೆ ಹುಡುಕಲು ದೂರ ಹೋಗಬೇಕಿಲ್ಲ. 2008ರಲ್ಲಿ ಐಪಿಎಲ್ ಆರಂಭವಾದಾಗ ಬೆಂಗಳೂರು ತಂಡಕ್ಕೆ ರಾಹುಲ್ ದ್ರಾವಿಡ್ 'ಐಕಾನ್' ಆಟಗಾರ. ಅವರನ್ನು ಹರಾಜಿಗೆ ಇಡುವಂತಿರಲಿಲ್ಲ. ತಂಡ ಅತಿ ಹೆಚ್ಚು ಬೆಲೆಗೆ ಕೊಂಡ ಆಟಗಾರನಿಗಿಂತ ಶೇ. 15ರಷ್ಟು ಹೆಚ್ಚು ಸಂಭಾವನೆ ಅವರಿಗೆ ಸಲ್ಲಬೇಕೆಂಬ ನಿಯಮವಿತ್ತು. ಅದೇ ವರ್ಷ ಮಾರ್ಚ್‌ನಲ್ಲಿ 19 ವರ್ಷದೊಳಗಿನವರ ವಿಶ್ವಕಪ್ ಗೆದ್ದು ಬಂದ ಹುಡುಗರನ್ನು ತಂಡಗಳು ಡ್ರಾಫ್ಟ್ ಮೂಲಕ, ಅಂದರೆ ಕೂಗಾಟವಿಲ್ಲದೆ ಸರದಿಯ ಪ್ರಕಾರ ಆರಿಸಿಕೊಂಡವು. ದೆಹಲಿ ತಂಡ ತನ್ನ ಊರಿನ ವೇಗದ ಬೌಲರ್ ಪ್ರದೀಪ್ ಸಾಂಗ್ವಾನನನ್ನು ಆರಿಸಿತು. ಬೆಂಗಳೂರು ಆರಿಸಿದ್ದು ಆ ವಿಶ್ವಕಪ್ ತಂಡದ ನಾಯಕ ವಿರಾಟ್ ಕೊಹ್ಲಿಯನ್ನು. ಹೀಗೆ ಹಿರಿಯನೂ ಅವನ ಜಾಗಕ್ಕೆ ಬರಬೇಕಾದವನೂ ಒಂದೇ ಋತುವಿನಲ್ಲಿ ಒಂದೇ ಕೊಠಡಿಗೆ ಬಂದರು.

ಆ ವರ್ಷ ಬೆಂಗಳೂರು ಎಂಟು ತಂಡಗಳಲ್ಲಿ ಏಳನೆಯದಾಯಿತು. 'ಟೆಸ್ಟ್ ತಂಡ' ಎಂದು ಜನ ಗೇಲಿ ಮಾಡಿದರು. ಮಾಲೀಕ ವಿಜಯ್ ಮಲ್ಯ ಆಟಗಾರರ ಆಯ್ಕೆಯ ಬಗ್ಗೆ ಬಹಿರಂಗವಾಗಿಯೇ ಅಸಮಾಧಾನ ತೋಡಿಕೊಂಡರು. ಸಿಇಒ ಚಾರು ಶರ್ಮಾ ಋತುವಿನ ನಡುವೆಯೇ ಹುದ್ದೆಯಿಂದ ಹೊರಬಿದ್ದರು. ವಿಚಿತ್ರವೆಂದರೆ ಆ ಸೋತ ತಂಡದ ಪರವಾಗಿ ಅತಿ ಹೆಚ್ಚು ರನ್ ಗಳಿಸಿದವರು ಇದೇ ದ್ರಾವಿಡ್. ಮರುವರ್ಷ ನಾಯಕತ್ವ ಕೆವಿನ್ ಪೀಟರ್ಸನ್ ಕೈಗೆ ಹೋಯಿತು, ಅಲ್ಲಿಂದ ಅನಿಲ್ ಕುಂಬ್ಳೆಗೆ ಬಂತು. ತಂಡ ಫೈನಲ್ ತಲುಪಿತು. 2011ರ ಜನವರಿಯ ಹರಾಜಿಗೆ ಮುನ್ನ ಬೆಂಗಳೂರು ಉಳಿಸಿಕೊಂಡದ್ದು ಕೊಹ್ಲಿ ಒಬ್ಬರನ್ನೇ. ಹರಾಜು ನಡೆದದ್ದು ಬೆಂಗಳೂರಿನಲ್ಲೇ. ತಮ್ಮದೇ ಊರಿನಲ್ಲಿ ದ್ರಾವಿಡ್ ಹೆಸರನ್ನು ಕೂಗಲಾಯಿತು. ಐದು ಲಕ್ಷ ಡಾಲರಿಗೆ ಅವರು ರಾಜಸ್ಥಾನ ತಂಡದ ಪಾಲಾದರು. ಅದೇ ಹರಾಜಿನಲ್ಲಿ ಸೌರವ್ ಗಂಗೂಲಿಯನ್ನು ಕೇಳುವವರೇ ಇರಲಿಲ್ಲ.

ನಾವಿಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಕೊಹ್ಲಿಯನ್ನು ಉಳಿಸಿಕೊಂಡದ್ದು ತಪ್ಪಾಗಿರಲಿಲ್ಲ. ಅಂದು 37ರ ದ್ರಾವಿಡ್ ಮತ್ತು 22ರ ಕೊಹ್ಲಿಯ ನಡುವೆ ಆರಿಸಬೇಕಾದ ಯಾವ ತಂಡವೂ ಅದನ್ನೇ ಮಾಡುತ್ತಿತ್ತು. ನಮ್ಮ ತಕರಾರು ನಿರ್ಧಾರದ ಬಗ್ಗೆ ಅಲ್ಲ, ಅದನ್ನು ನಡೆಸಿದ ಮತ್ತು ವರ್ಣಿಸಿದ ರೀತಿಯ ಬಗ್ಗೆ. ನಮ್ಮ ಪತ್ರಿಕೆಗಳ ಭಾಷೆಯನ್ನೇ ನೋಡಿ. 'ಬಿಕರಿ', 'ಅನ್‌ಸೋಲ್ಡ್', 'ದುಬಾರಿ', 'ಅಗ್ಗ'. ಇಲ್ಲಿಂದ ಕೂಗಳತೆಯಲ್ಲಿರುವ ಗಂಗೊಳ್ಳಿ ಬಂದರಿನಲ್ಲಿ ಬೆಳಗ್ಗೆ ಮೀನಿನ ಏಲಂ ನಡೆಯುವಾಗ ಕೇಳಿಬರುವ ಮಾತುಗಳೂ ಇಂಥವೇ. ಅಲ್ಲಿ ಬಂಗುಡೆಗೆ ಬೆಲೆ ಕೂಗುತ್ತಾರೆ, ಹೊತ್ತು ಏರಿದಂತೆ ಬೆಲೆ ಇಳಿಯುತ್ತದೆ. ಮೀನಿಗೆ ಅದರಿಂದ ಅವಮಾನವಿಲ್ಲ. ಹದಿನೈದು ವರ್ಷ ದೇಶಕ್ಕಾಗಿ ಆಡಿದ ಮನುಷ್ಯನ ಬಗ್ಗೆ ಅದೇ ಶಬ್ದಗಳನ್ನು ಬಳಸುವಾಗ ನಮ್ಮ ಲೇಖನಿ ಒಂದು ಕ್ಷಣವೂ ತಡೆಯುವುದಿಲ್ಲವೇಕೆ?

ಹಣವಿಲ್ಲದ ಕಾಲದಲ್ಲಿ ಎಲ್ಲವೂ ಚೆನ್ನಾಗಿತ್ತು ಎಂದು ಭ್ರಮಿಸಬೇಕಾಗಿಯೂ ಇಲ್ಲ. ಸೈಯದ್ ಕಿರ್ಮಾನಿಯವರನ್ನು ನೆನೆಯಿರಿ. 88 ಟೆಸ್ಟ್, ವಿಕೆಟ್ ಹಿಂದೆ 198 ಬಲಿಗಳು. 1983ರ ವಿಶ್ವಕಪ್‌ನಲ್ಲಿ ಜಿಂಬಾಬ್ವೆ ವಿರುದ್ಧ ಕಪಿಲ್ ದೇವ್ 175 ಹೊಡೆದದ್ದನ್ನು ಎಲ್ಲರೂ ಹೇಳುತ್ತಾರೆ. ಇನ್ನೊಂದು ತುದಿಯಲ್ಲಿ ಅಜೇಯ 24 ರನ್ನಿನೊಂದಿಗೆ ನಿಂತು ಒಂಬತ್ತನೇ ವಿಕೆಟಿಗೆ 126 ರನ್ ಸೇರಿಸಲು ನೆರವಾದವರು ಕಿರ್ಮಾನಿ. ಎರಡೇ ವರ್ಷಗಳಲ್ಲಿ, 1985ರಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ಗೆ ತಂಡ ಹೋದಾಗ ಅವರ ಜಾಗದಲ್ಲಿ ಇದ್ದವರು ಕರ್ನಾಟಕದವರೇ ಆದ ಸದಾನಂದ ವಿಶ್ವನಾಥ್. ಆ ಹುಡುಗನ ಚುರುಕುತನಕ್ಕೆ ದೇಶವೇ ಬೆರಗಾಯಿತು. ಕಿರ್ಮಾನಿಯ ಕಾಲ ಮುಗಿಯಿತೆಂದರು. ಆದರೆ ವಿಶ್ವನಾಥ್ ಆಡಿದ್ದು ಮೂರೇ ಟೆಸ್ಟ್. ಅದೇ ವರ್ಷದ ಕೊನೆಗೆ ಆಸ್ಟ್ರೇಲಿಯಾ ಪ್ರವಾಸಕ್ಕೆ ಮತ್ತೆ ಕಿರ್ಮಾನಿಯನ್ನೇ ಕರೆಯಬೇಕಾಯಿತು. ಅಲ್ಲಿ ಗಾಯಗೊಂಡವರು ಮುಂದೆ ಭಾರತಕ್ಕೆ ಆಡಲಿಲ್ಲ. ಕಿರಣ್ ಮೋರೆ ಬಂದರು.

ಇದರಲ್ಲಿ ಹೆಸರು, ಧರ್ಮ ಹುಡುಕುವ ಅಗತ್ಯವಿಲ್ಲ. ನಮ್ಮವರೇ ಆದ ಜಿ.ಆರ್. ವಿಶ್ವನಾಥ್ ಕೂಡ 1983ರ ಪಾಕಿಸ್ತಾನ ಪ್ರವಾಸದ ನಂತರ ಮತ್ತೆ ಟೆಸ್ಟ್ ಆಡಲಿಲ್ಲ. ಆಗ ಮಂಡಳಿಯ ವಾರ್ಷಿಕ ಒಪ್ಪಂದವೆಂಬುದೇ ಇರಲಿಲ್ಲ. ತಂಡದ ಪಟ್ಟಿಯಲ್ಲಿ ಹೆಸರಿಲ್ಲವೆಂದರೆ ಮುಗಿಯಿತು. ಇಂದು ಒಪ್ಪಂದವಿದೆ, ಕೋಟಿಗಳಿವೆ. ಹಿರಿಯನೊಂದಿಗೆ ಎದುರು ಕುಳಿತು ಆಡಬೇಕಾದ ಆ ಒಂದು ಮಾತು ಮಾತ್ರ ಅಂದೂ ಇರಲಿಲ್ಲ, ಇಂದೂ ಕಡಿಮೆ. ಕಿರ್ಮಾನಿಯ ಕಥೆಯಲ್ಲಿ ಇನ್ನೊಂದು ಪಾಠವೂ ಇದೆ. ಅವಸರದಲ್ಲಿ ಏರಿಸಿದ ಉತ್ತರಾಧಿಕಾರಿಗೂ ಅದರಿಂದ ಒಳ್ಳೆಯದಾಗುವುದಿಲ್ಲ. ಪಕ್ಕದಲ್ಲಿ ನಿಂತು ತಿದ್ದುವ ಹಿರಿಯನನ್ನು ಹೊರಗಟ್ಟಿದ ಮೇಲೆ ಆ ಹುಡುಗ ತಪ್ಪಿದಾಗ ಹಿಡಿಯುವವರು ಯಾರು?

ಅಮೆರಿಕದ ಫುಟ್ಬಾಲಿನಲ್ಲಿ ಈ ವಿಷಯ ಒಂದು ಶಾಸ್ತ್ರದಂತೆ ಬೆಳೆದಿದೆ. ಅಲ್ಲಿ ತಂಡದ ದಾಳಿಯನ್ನೆಲ್ಲ ನಡೆಸುವವನಿಗೆ ಕ್ವಾರ್ಟರ್‌ಬ್ಯಾಕ್ ಎನ್ನುತ್ತಾರೆ. ಗ್ರೀನ್ ಬೇ ತಂಡದಲ್ಲಿ ಬ್ರೆಟ್ ಫಾವ್ರ್‌ಗೆ 35 ವರ್ಷವಾಗಿದ್ದಾಗ, 2005ರಲ್ಲಿ, ಏರನ್ ರಾಜರ್ಸ್ ಎಂಬ ಹುಡುಗನನ್ನು ಡ್ರಾಫ್ಟಿನಲ್ಲಿ ಆರಿಸಿದರು. ಮೂರು ವರ್ಷ ಅವನು ಬೆಂಚಿನಲ್ಲಿ ಕಾದ. 2008ರಲ್ಲಿ ಫಾವ್ರ್ ನ್ಯೂಯಾರ್ಕಿನ ಜೆಟ್ಸ್ ತಂಡಕ್ಕೆ ರವಾನೆಯಾದರು. ಅದೇ ರಾಜರ್ಸ್‌ಗೆ 36 ಆದಾಗ, 2020ರಲ್ಲಿ, ಜೋರ್ಡನ್ ಲವ್ ಎಂಬ ಇನ್ನೊಬ್ಬ ಹುಡುಗನನ್ನು ಆರಿಸಲಾಯಿತು. ರಾಜರ್ಸ್ ಸಿಟ್ಟಿನಿಂದಲೋ ಛಲದಿಂದಲೋ ಮುಂದಿನ ಎರಡು ಋತುಗಳಲ್ಲಿ ಲೀಗಿನ ಶ್ರೇಷ್ಠ ಆಟಗಾರ ಪ್ರಶಸ್ತಿ ಗೆದ್ದರು. ದೊಡ್ಡ ಒಪ್ಪಂದವೂ ಆಯಿತು. ಆದರೂ 2023ರಲ್ಲಿ ಅವರನ್ನೂ ಕಳುಹಿಸಿದ್ದು ಅದೇ ಜೆಟ್ಸ್ ತಂಡಕ್ಕೆ! ಹದಿನೈದು ವರ್ಷಗಳಲ್ಲಿ ಒಂದೇ ನಾಟಕ ಎರಡು ಸಲ ನಡೆಯಿತು, ಪಾತ್ರಧಾರಿಗಳು ಮಾತ್ರ ಬದಲಾದರು. ಅಂದಿನ ಉತ್ತರಾಧಿಕಾರಿಯೇ ಇಂದಿನ ಹಿರಿಯ ಎಂಬುದನ್ನು ತಂಡವೂ ಮರೆಯಿತು, ಬಹುಶಃ ಆಟಗಾರನೂ ಮರೆತ.

ತಪ್ಪು ಯಾವಾಗಲೂ ಮಾಲೀಕರದ್ದೇ ಎನ್ನುವುದೂ ನ್ಯಾಯವಲ್ಲ. ಚೆನ್ನೈ ತಂಡದ ಮಹೇಂದ್ರ ಸಿಂಗ್ ಧೋನಿ 2024ರಲ್ಲಿ ನಾಯಕತ್ವವನ್ನು ಋತುರಾಜ್ ಗಾಯಕ್ವಾಡ್‌ಗೆ ಬಿಟ್ಟುಕೊಟ್ಟರು. 2025ರ ಋತುವಿಗಾಗಿ ಹಳೆಯ ನಿಯಮವೊಂದಕ್ಕೆ ಮರುಜೀವ ಬಂತು. ಅಂತಾರಾಷ್ಟ್ರೀಯ ಪಂದ್ಯ ಆಡಿ ಐದು ವರ್ಷ ಕಳೆದವರನ್ನು ದೇಶಕ್ಕೆ ಆಡದ ಹೊಸಬರ ಸಾಲಿಗೆ ಸೇರಿಸಬಹುದೆಂಬುದು ಆ ನಿಯಮ. ಅದರಡಿ ನಾಲ್ಕು ಕೋಟಿಗೆ ಧೋನಿಯನ್ನು ಉಳಿಸಿಕೊಳ್ಳಲಾಯಿತು. ಎರಡು ವಿಶ್ವಕಪ್ ಗೆದ್ದ ನಾಯಕ ಕಾಗದದ ಮೇಲೆ ಹೊಸಬ! ಋತುರಾಜ್ ಗಾಯಗೊಂಡಾಗ ನಾಯಕತ್ವ ಮತ್ತೆ 43ರ ಧೋನಿಗೇ ಮರಳಿತು. ತಂಡ ಆ ವರ್ಷ ಕೊನೆಯ ಸ್ಥಾನದಲ್ಲಿ ನಿಂತಿತು. ಅಭಿಮಾನಿಗಳಾದ ನಾವೂ ಇಲ್ಲಿ ಪಾಲುದಾರರು. ಬಿಟ್ಟುಕೊಡಲು ನಾವೇ ಬಿಡುವುದಿಲ್ಲ. ಆಟಗಾರನನ್ನು ಆರಾಧನೆಗೆ ಏರಿಸಿದರೆ ಏನಾಗುತ್ತದೆಂದು 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಂಡೆವು. ಗೆಲುವಿನ ಮೆರವಣಿಗೆ ನೋಡಲು ಹೋದ ಹನ್ನೊಂದು ಜೀವಗಳು ಕಾಲ್ತುಳಿತಕ್ಕೆ ಸಿಕ್ಕಿ ಹೋದವು.

ಈ ಆರಾಧನೆಯ ಅಪಾಯವನ್ನು ಇಸ್ಲಾಮಿನ ಎರಡನೆಯ ಖಲೀಫ ಹಝ್ರತ್ ಉಮರ್(ರ) ಬಹಳ ಹಿಂದೆಯೇ ಕಂಡಿದ್ದರು. ಖಾಲಿದ್ ಬಿನ್ ವಲೀದ್(ರ) ಸೋಲೇ ಅರಿಯದ ಸೇನಾನಿ. ಕ್ರಿ.ಶ. 634ರಲ್ಲಿ ಅಧಿಕಾರಕ್ಕೆ ಬಂದ ಉಮರ್(ರ), ಖಾಲಿದರನ್ನು ಇಳಿಸಿ ಅಬೂ ಉಬೈದಾ(ರ) ಅವರಿಗೆ ಸೇನೆಯ ಹೊಣೆ ವಹಿಸಿದರು. ಜನರು ಗೆಲುವನ್ನು ದೇವನ ಬದಲು ಖಾಲಿದರ ಲೆಕ್ಕಕ್ಕೆ ಬರೆಯತೊಡಗಿದ್ದರು ಎಂಬುದು ಇದಕ್ಕೆ ಚರಿತ್ರೆಕಾರರು ಕೊಡುವ ಒಂದು ಕಾರಣ. ಯುದ್ಧದ ನಡುವೆ ಬಂದ ಆದೇಶ ಪತ್ರವನ್ನು ಅಬೂ ಉಬೈದಾ(ರ) ತಕ್ಷಣ ಹೊರತೆಗೆಯದೆ, ಖಾಲಿದರ ಗೌರವಕ್ಕೆ ಕುಂದು ಬಾರದ ಸಮಯ ನೋಡಿ ತಿಳಿಸಿದರೆಂದೂ ಹೇಳುತ್ತಾರೆ. ಖಾಲಿದ್(ರ) ಮುನಿಸಿಕೊಂಡು ಹೊರಟುಹೋಗಲಿಲ್ಲ. 636ರ ಯರ್ಮೂಕ್ ಕಾಳಗದಲ್ಲಿ ಅಬೂ ಉಬೈದಾರ ಅಧೀನದಲ್ಲೇ ಹೋರಾಡಿದರು. ಇಳಿಸಿದವನ ಉದ್ದೇಶ, ಏರಿದವನ ಮರ್ಯಾದೆ, ಇಳಿದವನ ಸಂಯಮ, ಮೂರೂ ಇಲ್ಲಿವೆ. ಇವುಗಳಲ್ಲಿ ಒಂದು ತಪ್ಪಿದರೂ ಅದು ಜಗಳವಾಗುತ್ತಿತ್ತು. ಕಿರಿಯರಿಗೆ ಕರುಣೆ, ಹಿರಿಯರಿಗೆ ಗೌರವ ತೋರದವನು ನಮ್ಮವನಲ್ಲ ಎಂಬರ್ಥದ ಪ್ರವಾದಿ(ಸ) ವಚನವನ್ನು ನಾವು ಮದುವೆಯ ಪ್ರವಚನಗಳಲ್ಲಿ ಕೇಳುತ್ತೇವೆ. ಅದು ಕೆಲಸದ ಜಾಗಕ್ಕೂ ಅನ್ವಯಿಸುತ್ತದೆ.

ನಮ್ಮ ಕುಂದಾಪುರ ಸೀಮೆಯ ಯಕ್ಷಗಾನ ಮೇಳಗಳು ಇದಕ್ಕೆ ತಮ್ಮದೇ ದಾರಿ ಕಂಡುಕೊಂಡಿದ್ದವು. ಪುಂಡುವೇಷದಲ್ಲಿ ಬಭ್ರುವಾಹನನಾಗಿ ರಂಗಸ್ಥಳ ಹಾರಿ ಕುಣಿದವ, ಪ್ರಾಯ ಬಲಿತ ಮೇಲೆ ಅದೇ ಪ್ರಸಂಗದಲ್ಲಿ ಅರ್ಜುನನಾಗಿ ಎದುರು ನಿಲ್ಲುತ್ತಾನೆ. ಹೊಸ ಬಭ್ರುವಾಹನನಿಗೆ ಅವನಿಗಿಂತ ಒಳ್ಳೆಯ ಎದುರಾಳಿ ಬೇರೆ ಯಾರು? ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಎಂಬತ್ತು ದಾಟಿದ ಮೇಲೂ ಗೆಜ್ಜೆ ಬಿಚ್ಚಲಿಲ್ಲ. ಮೇಳದ ಬದುಕು ಸುಖದ್ದೆಂದು ನಾವು ಹೇಳುತ್ತಿಲ್ಲ. ಅಲ್ಲೂ ಒಪ್ಪಂದ ಒಂದು ತಿರುಗಾಟದ್ದು ಮಾತ್ರ, ಮಳೆಗಾಲದಲ್ಲಿ ಕೈ ಬರಿದು. ಆದರೆ ಪ್ರಾಯಕ್ಕೆ ತಕ್ಕ ವೇಷ ಎಂಬ ಕಲ್ಪನೆಯಾದರೂ ಅಲ್ಲಿದೆ.

ದ್ರಾವಿಡ್ ತಮಗೆ ತಕ್ಕ ವೇಷವನ್ನು ತಾವೇ ಹುಡುಕಿಕೊಂಡರು. 2010ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲೇ ಆಸ್ಟ್ರೇಲಿಯಾ ವಿರುದ್ಧ ನಡೆದ ಟೆಸ್ಟ್‌ನಲ್ಲಿ ಅವರ ಮೂರನೇ ಕ್ರಮಾಂಕಕ್ಕೆ ಚೊಚ್ಚಲ ಪಂದ್ಯವಾಡುತ್ತಿದ್ದ ಚೇತೇಶ್ವರ ಪೂಜಾರನನ್ನು ಕಳುಹಿಸಲಾಯಿತು. ಹುಡುಗ 72 ಹೊಡೆದ. ಐದನೆಯವರಾಗಿ ಇಳಿದ ದ್ರಾವಿಡ್ ಸಚಿನ್ ಜೊತೆ ನಿಂತು ಪಂದ್ಯ ಮುಗಿಸಿ ಬಂದರು. ಮರುವರ್ಷ ಇಂಗ್ಲೆಂಡಿನಲ್ಲಿ ಉಳಿದವರೆಲ್ಲ ಕುಸಿದಾಗ ಮೂರು ಶತಕ ಬಾರಿಸಿದರು. 2012ರ ಮಾರ್ಚ್‌ನಲ್ಲಿ ವಿದಾಯ ಹೇಳಿದರು. 2015ರಿಂದ ಕಿರಿಯರ ತಂಡದ ತರಬೇತುದಾರರಾದರು. 2018ರಲ್ಲಿ ಆ ಹುಡುಗರು ವಿಶ್ವಕಪ್ ಗೆದ್ದಾಗ ತಮಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ 20 ಲಕ್ಷ ಎಂಬ ಬಹುಮಾನದ ತಾರತಮ್ಯವನ್ನು ಒಪ್ಪಲಿಲ್ಲ. ಕೊನೆಗೆ ಎಲ್ಲರಿಗೂ 25 ಲಕ್ಷವಾಯಿತು. ತಮ್ಮ ಪಾಲಿನ ಅರ್ಧವನ್ನು ಕಳೆದುಕೊಂಡು ಅವರು ಕೊಟ್ಟ ಪಾಠ ಅವರ ಯಾವ ಇನ್ನಿಂಗ್ಸಿಗೂ ಕಡಿಮೆಯದಲ್ಲ. ಅಂದಿನ ಹುಡುಗ ಕೊಹ್ಲಿಯೂ ಈಗ ಹಿರಿಯ. 2025ರಲ್ಲಿ ಬೆಂಗಳೂರು ಮೊದಲ ಬಾರಿ ಐಪಿಎಲ್ ಗೆದ್ದಾಗ ಅವರು ಆಡಿದ್ದು ತಮಗಿಂತ ಕಿರಿಯ ರಜತ್ ಪಾಟೀದಾರ್ ನಾಯಕತ್ವದಲ್ಲಿ.

ಇದು ಕ್ರಿಕೆಟಿನ ಮಾತಷ್ಟೇ ಆಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಶಿರೂರು, ನಾವುಂದ, ಗಂಗೊಳ್ಳಿ, ಕೋಡಿಯ ಮನೆಗಳಲ್ಲಿ ಗಲ್ಫಿನಿಂದ ಮರಳಿದ ಐವತ್ತು ದಾಟಿದವರು ಕುಳಿತಿದ್ದಾರೆ. ಅವರಲ್ಲಿ ಒಬ್ಬರ ಮಾತು ನಮ್ಮ ಮನಸ್ಸಿನಿಂದ ಹೋಗಿಲ್ಲ. ಇಪ್ಪತ್ತೆರಡು ವರ್ಷ ಒಂದೇ ಅಂಗಡಿಯ ಲೆಕ್ಕ ನೋಡಿಕೊಂಡವರು ಅವರು. ಊರಿನಿಂದ ಹೊಸ ಹುಡುಗನೊಬ್ಬ ಬಂದ. "ಅವನಿಗೆ ಕೆಲಸ ಕಲಿಸಿ" ಎಂದರು. ಆರು ತಿಂಗಳು ಪ್ರೀತಿಯಿಂದಲೇ ಕಲಿಸಿದರು. ಕಲಿತಾದ ಮೇಲೆ ಇವರ ವೀಸಾ ಕ್ಯಾನ್ಸಲ್ ಆಯಿತು. "ಹುಡುಗನ ಮೇಲೆ ಸಿಟ್ಟಿಲ್ಲ, ಅವನಿಗೂ ಮನೆಯಿದೆ. ಮೊದಲೇ ಹೇಳಿದ್ದರೆ ಮಗಳ ಮದುವೆಯನ್ನಾದರೂ ಸ್ವಲ್ಪ ಮುಂದೆ ಹಾಕಿ ಸಾಲ ಮಾಡದೆ ಇರುತ್ತಿದ್ದೆ" ಎಂದರು ಅವರು. ದ್ರಾವಿಡ್‌ಗೆ ಐದು ಲಕ್ಷ ಡಾಲರಿನ ಇನ್ನೊಂದು ತಂಡ ಸಿಕ್ಕಿತು. ಇವರ ಹೆಸರು ಕೂಗಲು ಯಾವ ಹರಾಜೂ ಇಲ್ಲ. ಆಟಗಾರನನ್ನು ವಸ್ತುವಿನಂತೆ ಕಾಣುವುದನ್ನು ಪ್ರತಿದಿನ ಟಿ.ವಿ.ಯಲ್ಲಿ ನೋಡಿ ಒಗ್ಗಿಹೋದ ಸಮಾಜಕ್ಕೆ ಈ ಮನುಷ್ಯನ ನೋವು ಸುದ್ದಿಯಾಗಿ ಕಾಣುವುದಿಲ್ಲ. ನಮ್ಮ ಆಕ್ಷೇಪವಿರುವುದು ಅಲ್ಲಿ.

ಹಾಗಾದರೆ ನಾವು ಕೇಳುವುದೇನು? ಹಿರಿಯರನ್ನು ಶಾಶ್ವತವಾಗಿ ಉಳಿಸಿಕೊಳ್ಳಿ ಎಂದಲ್ಲ. ಬದಲಾವಣೆಯನ್ನು ಮೊದಲು ಅವರಿಗೇ, ಮುಖಕ್ಕೆ ಮುಖ ಕೊಟ್ಟು ತಿಳಿಸಿ. ಕಲಿಸುವ ಕೆಲಸವನ್ನು ಅವರಿಂದ ಮಾಡಿಸಿಕೊಂಡರೆ ಅದಕ್ಕೂ ಬೆಲೆ ಕೊಡಿ. ಬರೆಯುವವರು ಮಾರುಕಟ್ಟೆಯ ಶಬ್ದಗಳನ್ನು ಮಾರುಕಟ್ಟೆಗೇ ಬಿಡಿ.

ಹೆಮ್ಮಾಡಿಯ ಸೇವಂತಿಗೆ ಬೆಳೆಗಾರರಿಗೆ ಇದು ತಿಳಿಯದ ವಿಷಯವಲ್ಲ. ಮಕರ ಸಂಕ್ರಾಂತಿಗೆ, ಮಾರಣಕಟ್ಟೆ ಜಾತ್ರೆಗೆ ಗದ್ದೆಯೆಲ್ಲ ಹಳದಿಯಾಗುತ್ತದೆ. ಹಬ್ಬ ಮುಗಿದ ಮೇಲೆ ಹೂವಿಗೆ ಬೆಲೆಯಿಲ್ಲ. ಹಾಗೆಂದು ಗಿಡವನ್ನೆಲ್ಲ ಕಿತ್ತೆಸೆಯುವುದಿಲ್ಲ. ಕೆಲವನ್ನಾದರೂ ನೀರು ಹಾಕಿ, ಮಳೆಗಾಲದಲ್ಲಿ ಕೊಳೆಯದಂತೆ ಕಾಪಾಡುತ್ತಾರೆ. ಮುಂದಿನ ವರ್ಷದ ಸಸಿ ಬರುವುದು ಆ ಹಳೆಯ ಗಿಡದ ಬುಡದಿಂದಲೇ.